ಕಾವಲಿನಲ್ಲಿದ್ದವರ ಹೊಣೆ ಯಾರದು?

ಪ್ರಭುತ್ವವನ್ನು ಪ್ರಶ್ನಿಸಿದ್ದಕ್ಕಾಗಿ, ಒಂದು ಸಂಘಟನೆಗೆ ಸೇರಿದ್ದಕ್ಕಾಗಿ ಅಥವಾ ಪ್ರತಿಭಟನೆಯಲ್ಲಿ ಪಾಲ್ಗೊಂಡದ್ದಕ್ಕಾಗಿ ಸೆರೆ ಸೇರಿದವರನ್ನು ಜನ ರಾಜಕೀಯ ಕೈದಿಗಳೆಂದು ಕರೆಯುತ್ತಾರಾದರೂ, ಭಾರತದ ಬಹುಪಾಲು ಸೆರೆಮನೆ ಕಾನೂನುಗಳು ಅಂಥದೊಂದು ವರ್ಗವನ್ನು ಗುರುತಿಸುವುದಿಲ್ಲ. ಪಶ್ಚಿಮ ಬಂಗಾಳದ 1992ರ ಕಾಯ್ದೆ ಇದಕ್ಕೆ ಅಪವಾದ. ಕಾನೂನಿನ ಕಣ್ಣಿಗೆ ಮುಖ್ಯವಾಗಿ ಕಾಣುವವರು ಮೂರು ಬಗೆಯವರು: ಅಪರಾಧ ಸಾಬೀತಾಗಿ ಶಿಕ್ಷೆ ಅನುಭವಿಸುತ್ತಿರುವವರು, ತೀರ್ಪಿಗಾಗಿ ಕಾಯುತ್ತಿರುವ ವಿಚಾರಣಾಧೀನ ಕೈದಿಗಳು, ಮತ್ತು ಮುಂದೆ ಏನೋ ಮಾಡಬಹುದೆಂಬ ಶಂಕೆಯ ಮೇಲೆ ವಿಚಾರಣೆಯೇ ಇಲ್ಲದೆ ಕೂಡಿಹಾಕಲಾದ ಮುಂಜಾಗ್ರತಾ ಬಂಧಿತರು. ರಾಜಕೀಯ ಕೈದಿಗಳು ಈ ಮೂರರಲ್ಲಿ ಯಾವುದೇ ಗುಂಪಿನಲ್ಲಿರಬಹುದು. ತಮ್ಮನ್ನು ಸಾಮಾನ್ಯ ಅಪರಾಧಿಗಳಂತೆ ನಡೆಸಿಕೊಳ್ಳಬಾರದೆಂದು ಲಾಹೋರಿನ ಸೆರೆಮನೆಯಲ್ಲಿ ಉಪವಾಸಕ್ಕೆ ಕುಳಿತ ಜತೀಂದ್ರನಾಥ ದಾಸ್ 63 ದಿನಗಳ ನಂತರ, 1929ರ ಸೆಪ್ಟೆಂಬರ್ 13ರಂದು ಪ್ರಾಣಬಿಟ್ಟರು. ಆ ಬಳಿಕ ಬ್ರಿಟಿಷ್ ಸರ್ಕಾರ ಕೈದಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿತಾದರೂ, ಆ ವಿಂಗಡಣೆಗೆ ಆಧಾರವಾದದ್ದು ಕೈದಿಯ ಹೋರಾಟವಲ್ಲ, ಆತನ ವಿದ್ಯೆ ಮತ್ತು ಅಂತಸ್ತು.

ಸೆರೆಯಲ್ಲಿರುವ ವ್ಯಕ್ತಿಗೆ ಅನ್ನ, ನೀರು, ಗಾಳಿ, ಮದ್ದು, ಕಾಗದ, ಬಂಧುಗಳ ಭೇಟಿ ಎಲ್ಲವೂ ಅಧಿಕಾರಿಯ ಕೈಯಿಂದಲೇ ಬರಬೇಕು. ಇಂಥ ಪೂರ್ಣ ಅವಲಂಬನೆಯಲ್ಲಿ ಹಿಂಸೆ ಕೊಡಲು ಲಾಠಿ ಎತ್ತಬೇಕೆಂದೇನೂ ಇಲ್ಲ. ಉಬ್ಬಸದ ರೋಗಿಗೆ ಔಷಧಿ ಒಂದು ದಿನ ತಡವಾದರೆ ಸಾಕು, ವೈದ್ಯರ ಚೀಟಿ ಮೇಜಿನ ಮೇಲೆ ಒಂದು ವಾರ ಉಳಿದರೆ ಸಾಕು. ಹೊಡೆತ ಬಿದ್ದರೆ ಮೈಮೇಲೆ ಗುರುತು ಉಳಿಯುತ್ತದೆ, ಹೊಡೆದವನಿಗೆ ಹೆಸರಿರುತ್ತದೆ. ಮಾಡಬೇಕಾದುದನ್ನು ಮಾಡದೆ ಬಿಟ್ಟಾಗ ಗುರುತೂ ಇಲ್ಲ, ಹೆಸರೂ ಇಲ್ಲ. ಸೆರೆಮನೆ ಅಧಿಕಾರಿಗಳ ಹೊಣೆಗಾರಿಕೆಯ ಪ್ರಶ್ನೆ ಭಾರತದಲ್ಲಿ ಮತ್ತೆ ಮತ್ತೆ ಸೋತಿರುವುದು ಇಲ್ಲಿಯೇ, ಅದಕ್ಕೆ ಅತ್ಯಂತ ಸ್ಪಷ್ಟ ನಿದರ್ಶನ ಕರ್ನಾಟಕದ್ದೇ ಆಗಿದೆ.

1975ರ ಜೂನ್ 25ರಿಂದ 1977ರ ಮಾರ್ಚ್ 21ರವರೆಗೆ ಜಾರಿಯಲ್ಲಿದ್ದ ತುರ್ತು ಪರಿಸ್ಥಿತಿಯಲ್ಲಿ, ನಂತರ ನೇಮಕವಾದ ಷಾ ಆಯೋಗದ ಲೆಕ್ಕದಂತೆ, ಆಂತರಿಕ ಭದ್ರತಾ ಪಾಲನಾ ಕಾಯ್ದೆ ಅಂದರೆ ಮೀಸಾ ಅಡಿಯಲ್ಲಿ 34,988 ಮಂದಿಯೂ ಭಾರತ ರಕ್ಷಣಾ ನಿಯಮಗಳ ಅಡಿಯಲ್ಲಿ 75,818 ಮಂದಿಯೂ ಬಂಧಿತರಾದರು. ದೇಶದ ಸೆರೆಮನೆಗಳು ಅದಕ್ಕೂ ಮೊದಲೇ ಕಿಕ್ಕಿರಿದಿದ್ದವು: 1975ರ ಆರಂಭದಲ್ಲಿ 1,83,369 ಜನರಿಗಾಗಿ ಇದ್ದ ಜಾಗದಲ್ಲಿ 2,20,146 ಜನ ಇದ್ದರು. ಹೊಸದಾಗಿ ಬಂದವರಲ್ಲಿ ಸಂಸದರಿದ್ದರು, ಪ್ರಾಧ್ಯಾಪಕರಿದ್ದರು, ಕಾರ್ಮಿಕ ನಾಯಕರಿದ್ದರು, ವಿದ್ಯಾರ್ಥಿಗಳಿದ್ದರು. ಸಂಸದೀಯ ಸಮಿತಿಯ ಕೆಲಸಕ್ಕೆಂದು ಬೆಂಗಳೂರಿಗೆ ಬಂದಿದ್ದ ಅಟಲ್ ಬಿಹಾರಿ ವಾಜಪೇಯಿ, ಲಾಲ್ ಕೃಷ್ಣ ಅಡ್ವಾಣಿ, ಮಧು ದಂಡವತೆ ಮೊದಲಾದವರು ಜೂನ್ 26ರಂದು ಇಲ್ಲಿಯೇ ಬಂಧನಕ್ಕೊಳಗಾಗಿ, ಈಗ ಫ್ರೀಡಂ ಪಾರ್ಕ್ ಆಗಿರುವ ಅಂದಿನ ಬೆಂಗಳೂರು ಕೇಂದ್ರ ಕಾರಾಗೃಹವನ್ನು ಸೇರಿದರು.

ಸ್ನೇಹಲತಾ ರೆಡ್ಡಿಯವರನ್ನು ಇರಿಸಿದ್ದೂ ಅದೇ ಕಾರಾಗೃಹದಲ್ಲಿ. 1932ರಲ್ಲಿ ಹುಟ್ಟಿದ, ರಂಗಭೂಮಿಯಲ್ಲಿ ಹೆಸರು ಮಾಡಿದ್ದ ಈ ಕಲಾವಿದೆ, ಪತಿ ಪಟ್ಟಾಭಿರಾಮ ರೆಡ್ಡಿಯವರು ಯು.ಆರ್. ಅನಂತಮೂರ್ತಿಯವರ ಕಾದಂಬರಿಯನ್ನು ಆಧರಿಸಿ 1970ರಲ್ಲಿ ತೆರೆಗೆ ತಂದ 'ಸಂಸ್ಕಾರ' ಚಿತ್ರದ ಚಂದ್ರಿಯಾಗಿ ಕನ್ನಡಿಗರ ನೆನಪಿನಲ್ಲಿ ಉಳಿದವರು. ರಾಮಮನೋಹರ ಲೋಹಿಯಾರ ಸಮಾಜವಾದದಲ್ಲಿ ನಂಬಿಕೆಯಿಟ್ಟಿದ್ದ ಆ ಕುಟುಂಬಕ್ಕೆ ಭೂಗತರಾಗಿದ್ದ ಸಮಾಜವಾದಿ ನಾಯಕ ಜಾರ್ಜ್ ಫರ್ನಾಂಡಿಸರ ಸ್ನೇಹವಿತ್ತು. 1976ರ ಮೇ 2ರಂದು ಅವರನ್ನು ಬಂಧಿಸಿದಾಗ ಕೊಟ್ಟ ಕಾರಣ ಬರೋಡಾ ಡೈನಮೈಟ್ ಪ್ರಕರಣ, ಅಂದರೆ ಸ್ಫೋಟಕಗಳಿಂದ ಸರ್ಕಾರವನ್ನು ಅಲುಗಿಸುವ ಸಂಚು ನಡೆದಿದೆ ಎಂಬ ಆರೋಪ. ಆದರೆ ಆ ಪ್ರಕರಣದ ಅಂತಿಮ ದೋಷಾರೋಪ ಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಅವರನ್ನು ಒಳಗೆ ಉಳಿಸಿದ್ದು ವಿಚಾರಣೆಯ ಅಗತ್ಯವಿಲ್ಲದ ಮೀಸಾ.

ಅವರಿಗೆ ಉಬ್ಬಸವಿತ್ತು, ಅದು ಹೊಸ ಕಾಯಿಲೆಯಾಗಿರಲಿಲ್ಲ, ಗುಟ್ಟಿನ ಕಾಯಿಲೆಯೂ ಆಗಿರಲಿಲ್ಲ. ಇಕ್ಕಟ್ಟಿನ ಒಂಟಿ ಕೋಣೆಯಲ್ಲಿ ರೋಗ ಮರುಕಳಿಸುತ್ತಾ ಹೋದುದನ್ನು, ಚಿಕಿತ್ಸೆಗಾಗಿ ಮಾಡಿಕೊಂಡ ಮನವಿಗಳು ಸರಿಯಾದ ಉತ್ತರವಿಲ್ಲದೆ ಉಳಿದುದನ್ನು ಅವರ ಸೆರೆಮನೆಯ ಟಿಪ್ಪಣಿಗಳು ಹೇಳುತ್ತವೆ. ಅವು 1977ರಲ್ಲಿ ಪುಸ್ತಕವಾಗಿ ಪ್ರಕಟವಾದವು. ರಾತ್ರಿಯ ನಿಶ್ಶಬ್ದದಲ್ಲಿ ಅವರ ಚೀತ್ಕಾರ ಕೇಳಿಬರುತ್ತಿತ್ತೆಂದು ಅದೇ ಸೆರೆಮನೆಯಲ್ಲಿದ್ದ ಮಧು ದಂಡವತೆಯವರು ಬರೆದಿದ್ದಾರೆ. ತಮ್ಮ ಸ್ಥಿತಿಯೇ ಹೀಗಿದ್ದಾಗಲೂ ಸ್ನೇಹಲತಾ ಅವರು ಸೆರೆಮನೆಯ ಇತರ ಹೆಣ್ಣುಮಕ್ಕಳ ಮೇಲೆ ಬೀಳುತ್ತಿದ್ದ ಏಟುಗಳ ವಿರುದ್ಧ ದನಿ ಎತ್ತಿದರು ಎಂಬುದನ್ನು ಮರೆಯಬಾರದು, ಏಕೆಂದರೆ ರಾಜಕೀಯ ಕೈದಿಗಳ ಬಗೆಗಿನ ಚರ್ಚೆ ಓದುಬರಹ ಬಲ್ಲ ಕೆಲವರಿಗೆ ಮಾತ್ರ ಸೌಲಭ್ಯ ಕೇಳುವ ಚರ್ಚೆ ಎಂಬ ಆಕ್ಷೇಪಕ್ಕೆ ಅವರ ಈ ನಡೆಯೇ ಸಾಕಷ್ಟು ಉತ್ತರ.

ಆರೋಗ್ಯ ಪೂರ್ತಿ ಕುಸಿದ ಮೇಲೆ 1977ರ ಜನವರಿ 15ರಂದು ಅವರನ್ನು ಪೆರೋಲ್ ಮೇಲೆ, ಅಂದರೆ ಷರತ್ತಿನ ತಾತ್ಕಾಲಿಕ ಬಿಡುಗಡೆಯ ಮೇಲೆ ಮನೆಗೆ ಕಳಿಸಲಾಯಿತು. ಐದು ದಿನಗಳ ನಂತರ, ಜನವರಿ 20ರಂದು ಅವರು ತೀರಿಕೊಂಡರು. ಸೆರೆಮನೆಯಲ್ಲಿ ಸಾವು ಸಂಭವಿಸಿದರೆ ವಿಚಾರಣೆ ನಡೆಯಬೇಕು, ವರದಿ ಹೋಗಬೇಕು, ಅಧಿಕಾರಿ ಉತ್ತರ ಹೇಳಬೇಕು. ಸಾವಿಗೆ ಐದು ದಿನ ಮುಂಚೆ ಬಾಗಿಲು ತೆರೆದರೆ ಆ ಸಾವು ಸೆರೆಮನೆಯ ಪುಸ್ತಕಕ್ಕೆ ಸೇರುವುದೇ ಇಲ್ಲ. ಪೆರೋಲ್ ಕರುಣೆಯಿಂದ ಬಂದಿರಲಿ, ಲೆಕ್ಕಾಚಾರದಿಂದ ಬಂದಿರಲಿ, ಅದರ ಪರಿಣಾಮ ಒಂದೇ: ಎಂಟು ತಿಂಗಳ ಕಾವಲಿನಲ್ಲಿ ನಡೆದುದಕ್ಕೆ ಯಾರೂ ಉತ್ತರಿಸಬೇಕಾಗಲಿಲ್ಲ.

ನ್ಯಾಯಾಲಯಗಳು ಈ ಹೊತ್ತಿನಲ್ಲಿ ಏನು ಮಾಡುತ್ತಿದ್ದವು ಎಂಬ ಪ್ರಶ್ನೆ ಸಹಜ. ಬಂಧಿತನನ್ನು ತನ್ನ ಮುಂದೆ ಹಾಜರುಪಡಿಸಿ ಬಂಧನಕ್ಕೆ ಕಾರಣ ಹೇಳುವಂತೆ ನ್ಯಾಯಾಲಯ ಸರ್ಕಾರಕ್ಕೆ ಆದೇಶಿಸುವ ಹೇಬಿಯಸ್ ಕಾರ್ಪಸ್ ಅರ್ಜಿಯನ್ನು ತುರ್ತು ಪರಿಸ್ಥಿತಿಯಲ್ಲೂ ಸಲ್ಲಿಸಬಹುದೆಂದು ಕರ್ನಾಟಕವೂ ಸೇರಿದಂತೆ ಒಂಬತ್ತು ಹೈಕೋರ್ಟ್‌ಗಳು ಎತ್ತಿಹಿಡಿದಿದ್ದವು. ಆದರೆ 1976ರ ಏಪ್ರಿಲ್ 28ರಂದು, ಸ್ನೇಹಲತಾ ಅವರ ಬಂಧನಕ್ಕೆ ನಾಲ್ಕೇ ದಿನ ಮೊದಲು, ಜಬಲ್ಪುರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನಾಲ್ಕಕ್ಕೆ ಒಂದರ ಬಹುಮತದಿಂದ ಆ ಬಾಗಿಲನ್ನು ಮುಚ್ಚಿತು. ಬಹುಮತದ ನ್ಯಾಯಮೂರ್ತಿಗಳಲ್ಲಿ ಒಬ್ಬರಾದ ಎಂ.ಎಚ್. ಬೇಗ್ ಅವರು, ಬಂಧಿತರನ್ನು ಸರ್ಕಾರ ಹೆಚ್ಚುಕಡಿಮೆ ತಾಯಿಯ ಅಕ್ಕರೆಯಿಂದಲೇ ನೋಡಿಕೊಳ್ಳುತ್ತಿದೆ ಎಂಬರ್ಥದ ಮಾತನ್ನು ತೀರ್ಪಿನಲ್ಲಿ ಬರೆದರು. ಸೆರೆಮನೆಯ ಒಳಗೆ ನಡೆಯುವುದನ್ನು ನೋಡದೆ, ಸರ್ಕಾರ ಹೇಳಿದ್ದನ್ನೇ ನಂಬಿ ಬರೆದ ಆ ವಾಕ್ಯ ಭಾರತದ ನ್ಯಾಯಾಂಗದ ಇತಿಹಾಸದಲ್ಲಿ ಅಳಿಸಲಾಗದ ಕಳಂಕ. ಒಬ್ಬಂಟಿಯಾಗಿ ಭಿನ್ನಮತ ಬರೆದ ಎಚ್.ಆರ್. ಖನ್ನಾ ಅವರಿಗೆ ಮುಖ್ಯ ನ್ಯಾಯಮೂರ್ತಿಯ ಸ್ಥಾನ ತಪ್ಪಿ, ಅದು ಬೇಗ್ ಅವರಿಗೆ ದಕ್ಕಿತು. ಜಬಲ್ಪುರ ತೀರ್ಪನ್ನು ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ತಳ್ಳಿಹಾಕಿದ್ದು 2017ರ ಆಗಸ್ಟ್ 24ರಂದು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ್ದ ಖಾಸಗಿತನದ ಪ್ರಕರಣದಲ್ಲಿ.

ನ್ಯಾಯಾಲಯದ ಕಣ್ಣು ಮುಚ್ಚಿದಾಗ ಮೊದಲು ಬದಲಾಗುವುದು ದಾಖಲೆಯ ದಿನಾಂಕ. ಜಾರ್ಜ್ ಫರ್ನಾಂಡಿಸರ ತಮ್ಮ ಲಾರೆನ್ಸ್ ಅವರನ್ನು 1976ರ ಮೇ 1ರಂದು ಬೆಂಗಳೂರಿನ ಮನೆಯಿಂದ ಕರೆದೊಯ್ದು ಅಣ್ಣನ ಸುಳಿವಿಗಾಗಿ ಚಿತ್ರಹಿಂಸೆ ನೀಡಲಾಯಿತೆಂದು ಅವರ ತಾಯಿ ರಾಷ್ಟ್ರಪತಿಗೆ ಬರೆದರು. ಪೊಲೀಸ್ ದಾಖಲೆ ಮಾತ್ರ ಬಂಧನ ನಡೆದದ್ದು ಅದರ ಎಷ್ಟೋ ದಿನಗಳ ನಂತರ ಎಂದಿತು. ಕೇರಳದಲ್ಲಿ ಕಲ್ಲಿಕೋಟೆಯ ಎಂಜಿನಿಯರಿಂಗ್ ವಿದ್ಯಾರ್ಥಿ ರಾಜನ್ ಅವರನ್ನು ಅದೇ ವರ್ಷದ ಮಾರ್ಚ್ 1ರಂದು ಹಿಡಿದು ಕಕ್ಕಯಂ ಪೊಲೀಸ್ ಶಿಬಿರಕ್ಕೆ ಒಯ್ಯಲಾಯಿತು. ತಂದೆ ಈಚರ ವಾರಿಯರ್ ಅವರು ವರ್ಷಪೂರ್ತಿ ಅಲೆದರೂ ಮಗ ಬಂಧನದಲ್ಲಿದ್ದನೆಂದು ಸರ್ಕಾರ ಒಪ್ಪಲಿಲ್ಲ; ತುರ್ತು ಪರಿಸ್ಥಿತಿ ಮುಗಿದ ಬಳಿಕ ಅವರು ಹೂಡಿದ ಹೇಬಿಯಸ್ ಕಾರ್ಪಸ್ ಅರ್ಜಿಯಿಂದ ಸತ್ಯ ಹೊರಬಂದು, ಮುಖ್ಯಮಂತ್ರಿ ಕೆ. ಕರುಣಾಕರನ್ 1977ರ ಏಪ್ರಿಲ್‌ನಲ್ಲಿ ರಾಜೀನಾಮೆ ಕೊಡಬೇಕಾಯಿತು. ಆ ತಂದೆಗೆ ಮಗನ ಶವ ಕೊನೆಗೂ ಸಿಗಲಿಲ್ಲ.

ಕಾರಾಗೃಹಗಳ ಒಳಗಿನ ಅಧಿಕಾರ ಹೇಗೆ ಕೈಬದಲಾಯಿಸುತ್ತದೆ ಎಂಬುದನ್ನು ಬಯಲಿಗೆ ತಂದದ್ದು ನಿವೃತ್ತ ಮುಖ್ಯ ನ್ಯಾಯಮೂರ್ತಿ ಜೆ.ಸಿ. ಷಾ ಅವರ ಆಯೋಗ. ಅದು 1978ರಲ್ಲಿ ಮೂರು ಕಂತುಗಳಲ್ಲಿ ನೀಡಿದ ವರದಿಯಲ್ಲಿ ದೆಹಲಿಯ ತಿಹಾರ್ ಸೆರೆಮನೆಯ ಭಾಗ ವಿಶೇಷ ಗಮನಕ್ಕೆ ಅರ್ಹವಾದುದು. ಉಪರಾಜ್ಯಪಾಲರ ಕಾರ್ಯದರ್ಶಿಯಾಗಿದ್ದ ನವೀನ್ ಚಾವ್ಲಾ ಅವರಿಗೆ ಸೆರೆಮನೆಯ ಆಡಳಿತದಲ್ಲಿ ಯಾವ ಹುದ್ದೆಯೂ ಇಲ್ಲದಿದ್ದರೂ ಅಲ್ಲಿನ ಅಧಿಕಾರಿಗಳು ಅವರ ಮಾತಿನಂತೆ ನಡೆಯುತ್ತಿದ್ದರು. ಕೆಲವು ಬಂಧಿತರನ್ನು ಬೇಯಿಸಲು ಕಲ್ನಾರಿನ ಮಾಡಿನ ಕೋಣೆಗಳನ್ನು ಕಟ್ಟಬೇಕೆಂದೂ, ತೊಂದರೆ ಕೊಡುವವರನ್ನು ಮಾನಸಿಕ ಅಸ್ವಸ್ಥರ ಜೊತೆ ಇರಿಸಬೇಕೆಂದೂ ಅವರು ಸೂಚಿಸಿದ್ದರೆಂದು ಆಯೋಗದ ಮುಂದೆ ಸಾಕ್ಷ್ಯ ಬಂತು. ಕೋಣೆಗಳ ಪ್ರಸ್ತಾವ ಕಡತದಲ್ಲಿ ಮುಂದೆ ಸಾಗಿ, ತಾಂತ್ರಿಕ ಕಾರಣಗಳಿಂದ ಕೈಬಿಟ್ಟುಹೋಯಿತು. ನ್ಯಾಯಬುದ್ಧಿಯನ್ನು ಬೇಡುವ ಯಾವ ಸಾರ್ವಜನಿಕ ಹುದ್ದೆಗೂ ಚಾವ್ಲಾ ಅರ್ಹರಲ್ಲವೆಂಬ ಅಭಿಪ್ರಾಯಕ್ಕೆ ಆಯೋಗ ಬಂದಿತು. ಅವರ ವಿರುದ್ಧ ನ್ಯಾಯಾಲಯದಲ್ಲಿ ಯಾವ ಅಪರಾಧವೂ ಸಾಬೀತಾಗಲಿಲ್ಲ. 2005ರಲ್ಲಿ ಅವರು ಚುನಾವಣಾ ಆಯುಕ್ತರಾದರು, 2009ರಲ್ಲಿ ಮುಖ್ಯ ಚುನಾವಣಾ ಆಯುಕ್ತರಾದರು.

ಇದು ಒಬ್ಬ ಅಧಿಕಾರಿಯ ಕಥೆಯಷ್ಟೇ ಅಲ್ಲ. 1952ರ ವಿಚಾರಣಾ ಆಯೋಗಗಳ ಕಾಯ್ದೆಯಡಿ ನೇಮಕವಾಗುವ ಆಯೋಗ ಸತ್ಯಾಂಶಗಳನ್ನು ಸಂಗ್ರಹಿಸಬಹುದು, ಶಿಫಾರಸು ಮಾಡಬಹುದು. ಶಿಕ್ಷಿಸುವ ಅಧಿಕಾರ ಅದಕ್ಕಿಲ್ಲ, ಅದರ ಮುಂದೆ ಸಾಕ್ಷಿ ನುಡಿದವನ ಹೇಳಿಕೆಯನ್ನು ಅವನ ವಿರುದ್ಧ ಮೊಕದ್ದಮೆಯಲ್ಲಿ ಬಳಸುವಂತೆಯೂ ಇಲ್ಲ. ತುರ್ತು ಪರಿಸ್ಥಿತಿಯ ಬಳಿಕ ಅಧಿಕಾರಕ್ಕೆ ಬಂದ ಜನತಾ ಸರ್ಕಾರ 1979ರಲ್ಲಿ ವಿಶೇಷ ನ್ಯಾಯಾಲಯಗಳ ಕಾಯ್ದೆ ತಂದಿತಾದರೂ ಸ್ವಲ್ಪ ಸಮಯದಲ್ಲೇ ಅದೇ ಒಡೆದುಹೋಯಿತು, 1980ರ ಜನವರಿಯಲ್ಲಿ ಇಂದಿರಾ ಗಾಂಧಿಯವರು ಅಧಿಕಾರಕ್ಕೆ ಮರಳಿದ ಮೇಲೆ ಎಲ್ಲವೂ ನಿಂತುಹೋಯಿತು. ವರದಿಯೇ ಓದುಗರಿಗೆ ಸಿಗದಂತಾಗಿ, ಮಾಜಿ ಸಂಸದ ಎರಾ ಸೆಳಿಯನ್ ಅವರು 2010ರಲ್ಲಿ ಅದನ್ನು ಮರುಮುದ್ರಿಸಬೇಕಾಯಿತು. ಸಂತ್ರಸ್ತರಾಗಿದ್ದವರೇ ಮಂತ್ರಿಗಳಾಗಿದ್ದ ಕಾಲದಲ್ಲೂ ಸೆರೆಮನೆಯ ಕಾನೂನನ್ನು ಬುಡದಿಂದ ಬದಲಿಸಲಿಲ್ಲವೆಂಬುದು ಆ ಪೀಳಿಗೆಯ ದೊಡ್ಡ ವೈಫಲ್ಯ. ಅವರು ಮಾಡಿದ ಒಂದು ಶಾಶ್ವತ ಕೆಲಸವೆಂದರೆ 44ನೇ ತಿದ್ದುಪಡಿ. ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ಹಕ್ಕನ್ನು ಇನ್ನು ಮುಂದೆ ತುರ್ತು ಪರಿಸ್ಥಿತಿಯಲ್ಲೂ ಅಮಾನತಿನಲ್ಲಿ ಇಡುವಂತಿಲ್ಲ.

ಕಾನೂನು ಹೊಣೆಯನ್ನು ಹೇಗೆ ಹಂಚಿದೆ ಎಂಬುದನ್ನು ನೋಡಿದರೆ ಅದರ ಓರೆ ಗೊತ್ತಾಗುತ್ತದೆ. ಭಾರತದ ಸೆರೆಮನೆ ಆಡಳಿತಕ್ಕೆ ಅಡಿಪಾಯ ಹಾಕಿದ 1894ರ ಕಾಯ್ದೆ, ಇಪ್ಪತ್ನಾಲ್ಕು ಗಂಟೆ ಮೀರಿ ಒಂಟಿ ಕೋಣೆಯಲ್ಲಿರುವ ಕೈದಿಯನ್ನು ವೈದ್ಯಾಧಿಕಾರಿ ಅಥವಾ ಆತನ ಕೈಕೆಳಗಿನ ವೈದ್ಯ ಸಿಬ್ಬಂದಿ ದಿನಕ್ಕೊಮ್ಮೆಯಾದರೂ ನೋಡಬೇಕೆನ್ನುತ್ತದೆ. ಆದರೆ ಕರ್ತವ್ಯಲೋಪಕ್ಕೆ ಶಿಕ್ಷೆ ಹೇಳುವ ಅದರ 54ನೇ ಕಲಮು ಅನ್ವಯಿಸುವುದು ಜೈಲರ್ ಮತ್ತು ಅವನ ಕೈಕೆಳಗಿನವರಿಗೆ. ಇಡೀ ಕಾರಾಗೃಹದ ಮೇಲೆ ಹಿಡಿತವಿರುವ ಸೂಪರಿಂಟೆಂಡೆಂಟ್ ಅದರ ವ್ಯಾಪ್ತಿಯಲ್ಲಿಲ್ಲ, ಶಿಕ್ಷೆ ಹೆಚ್ಚೆಂದರೆ 200 ರೂಪಾಯಿ ದಂಡ, ಮೂರು ತಿಂಗಳ ಸೆರೆ ಅಥವಾ ಎರಡೂ. ಇದರ ಮೇಲೆ, ಸರ್ಕಾರವೇ ತೆಗೆದುಹಾಕಬಹುದಾದ ದರ್ಜೆಯ ಅಧಿಕಾರಿ ಕರ್ತವ್ಯದಲ್ಲಿದ್ದಾಗ ಮಾಡಿದ ಕೃತ್ಯಕ್ಕೆ ಮೊಕದ್ದಮೆ ಹೂಡಲು ಸರ್ಕಾರದ ಪೂರ್ವಾನುಮತಿ ಬೇಕು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದಿರುವ ಹೊಸ ಸಂಹಿತೆ, 120 ದಿನಗಳೊಳಗೆ ಸರ್ಕಾರ ತೀರ್ಮಾನಿಸದಿದ್ದರೆ ಅನುಮತಿ ದೊರೆತಂತೆಯೇ ಎಂದಿರುವುದು ಒಂದು ಮುಂದಿನ ಹೆಜ್ಜೆ, ಆದರೆ ಸರ್ಕಾರ ಬೇಡವೆಂದರೆ ದಾರಿ ಮತ್ತೆ ಮುಚ್ಚುತ್ತದೆ.

ನ್ಯಾಯಾಲಯಗಳು ತಮ್ಮ ಪಾಲಿನ ತಪ್ಪನ್ನು ತಿದ್ದಿಕೊಳ್ಳಲು ಯತ್ನಿಸಿವೆ. ಸುನಿಲ್ ಬಾತ್ರಾ ಪ್ರಕರಣಗಳಲ್ಲಿ ಸುಪ್ರೀಂ ಕೋರ್ಟ್, ಸೆರೆಮನೆಯ ಅಧಿಕಾರಿ ತನ್ನಿಷ್ಟದಂತೆ ಏಕಾಂತ ಸೆರೆ ವಿಧಿಸುವಂತಿಲ್ಲವೆಂದು 1978ರಲ್ಲಿ ಹೇಳಿತು. ಮರುವರ್ಷ, ಒಬ್ಬ ಕೈದಿ ಇನ್ನೊಬ್ಬನ ಮೇಲಿನ ಚಿತ್ರಹಿಂಸೆಯ ಬಗ್ಗೆ ಬರೆದ ಪತ್ರವನ್ನೇ ಅರ್ಜಿಯಾಗಿ ಸ್ವೀಕರಿಸಿತು. 1993ರ ನೀಲಬತಿ ಬೆಹೆರಾ ತೀರ್ಪು ಕಾವಲಿನಲ್ಲಾದ ಸಾವಿಗೆ ಸರ್ಕಾರ ಪರಿಹಾರ ಕೊಡಬೇಕೆಂಬ ತತ್ವವನ್ನು ಗಟ್ಟಿಗೊಳಿಸಿತು. ಆದರೆ ಪರಿಹಾರ ಬರುವುದು ಬೊಕ್ಕಸದಿಂದ, ಅಂದರೆ ಜನರ ತೆರಿಗೆಯಿಂದ. ತಪ್ಪು ಮಾಡಿದ ಕೈ ಹಾಗೆಯೇ ಉಳಿಯುತ್ತದೆ.

ಹೀಗಾಗಿ 1976ರ ಲೋಪಗಳು ಇತಿಹಾಸವಾಗಲಿಲ್ಲ. ಹಿಂದೊಮ್ಮೆ ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟನ್ನು ನಡೆಸಿದ್ದ ಪಾದ್ರಿ ಸ್ಟ್ಯಾನ್ ಸ್ವಾಮಿಯವರನ್ನು ಮಾವೋವಾದಿಗಳ ನಂಟಿನ ಆರೋಪದ ಭೀಮಾ ಕೋರೆಗಾಂವ್ ಪ್ರಕರಣದಲ್ಲಿ 2020ರ ಅಕ್ಟೋಬರ್‌ನಲ್ಲಿ ಬಂಧಿಸಿದಾಗ ಅವರು ಎಂಬತ್ತು ದಾಟಿದ ಪಾರ್ಕಿನ್ಸನ್ ರೋಗಿ. ನಡುಗುವ ಕೈಯಲ್ಲಿ ಲೋಟ ಹಿಡಿಯಲಾಗದೆ ನೀರು ಕುಡಿಯಲು ಒಂದು ಹೀರುಗೊಳವೆ ಬೇಕೆಂದು ಅವರು ನ್ಯಾಯಾಲಯವನ್ನು ಕೇಳಬೇಕಾಯಿತು, ಅದಕ್ಕೆ ಉತ್ತರಿಸಲು ತನಿಖಾ ಸಂಸ್ಥೆಗೆ 20 ದಿನಗಳ ಅವಧಿ ಸಿಕ್ಕಿತು. ಜಾಮೀನಿಗೆ ಕಾಯುತ್ತಲೇ, ಅಪರಾಧ ಸಾಬೀತಾಗದೆ, 2021ರ ಜುಲೈ 5ರಂದು ಅವರು ಮುಂಬಯಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಗಾಲಿಕುರ್ಚಿಯ ಮೇಲೆಯೇ ಬದುಕುತ್ತಿದ್ದ ಪ್ರಾಧ್ಯಾಪಕ ಜಿ.ಎನ್. ಸಾಯಿಬಾಬಾ ನಾಗಪುರ ಸೆರೆಮನೆಯಲ್ಲಿ ವರ್ಷಗಳನ್ನು ಕಳೆದು, 2024ರ ಮಾರ್ಚ್‌ನಲ್ಲಿ ಬಾಂಬೆ ಹೈಕೋರ್ಟಿನಿಂದ ಖುಲಾಸೆಗೊಂಡು, ಅದೇ ವರ್ಷದ ಅಕ್ಟೋಬರ್‌ನಲ್ಲಿ ನಿಧನರಾದರು. ಇವರ ವಿಚಾರಗಳನ್ನು ಒಪ್ಪುವುದು ಬಿಡುವುದು ಬೇರೆ ಮಾತು. ತುರ್ತು ಪರಿಸ್ಥಿತಿಯಲ್ಲಿ ಎಡದವರೂ ಬಲದವರೂ ಒಂದೇ ಗೋಡೆಯೊಳಗಿದ್ದರು, ಔಷಧಿಯ ಅಗತ್ಯಕ್ಕೆ ಪಕ್ಷವಿರಲಿಲ್ಲ.

ಚಿತ್ರಹಿಂಸೆಯ ವಿರುದ್ಧದ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಭಾರತ 1997ರಲ್ಲಿ ಸಹಿ ಹಾಕಿತಾದರೂ, ಅದನ್ನು ಪಾಲಿಸುವ ಬದ್ಧತೆಗೆ ಒಳಗಾಗುವ ಅನುಮೋದನೆಯನ್ನು ನೀಡಿಲ್ಲ. 2010ರಲ್ಲಿ ಲೋಕಸಭೆ ಅಂಗೀಕರಿಸಿದ ಚಿತ್ರಹಿಂಸೆ ತಡೆ ಮಸೂದೆ ಕಾಯ್ದೆಯಾಗದೆ ಬಿದ್ದುಹೋಯಿತು, 2017ರಲ್ಲಿ ಕಾನೂನು ಆಯೋಗ ಮತ್ತೆ ಮಾಡಿದ ಶಿಫಾರಸಿನಿಂದಲೂ ಕಾಯ್ದೆ ಹುಟ್ಟಲಿಲ್ಲ. ಆದರೆ ಇದಕ್ಕೆಲ್ಲ ದೆಹಲಿಯತ್ತ ಮುಖಮಾಡಿ ಕೂರಬೇಕಿಲ್ಲ. ಸಂವಿಧಾನದ ಏಳನೇ ಅನುಸೂಚಿಯಂತೆ ಸೆರೆಮನೆ ರಾಜ್ಯಪಟ್ಟಿಯ ವಿಷಯ, ಕರ್ನಾಟಕಕ್ಕೆ 1963ರಿಂದಲೂ ತನ್ನದೇ ಕಾರಾಗೃಹ ಕಾಯ್ದೆಯಿದೆ. ಕೈದಿಯ ವೈದ್ಯಕೀಯ ದಾಖಲೆಯ ಪ್ರತಿ ಆತನ ಮನೆಯವರಿಗೂ ವಕೀಲರಿಗೂ ಕಾಲಕಾಲಕ್ಕೆ ತಲುಪಬೇಕು, ಅನಾರೋಗ್ಯದ ಕಾರಣಕ್ಕೆ ಬಿಡುಗಡೆಯಾದವರು ಬೆನ್ನಲ್ಲೇ ತೀರಿಕೊಂಡರೆ ಆ ಸಾವನ್ನು ಕಾವಲಿನ ಸಾವೆಂದೇ ಪರಿಗಣಿಸಿ ವಿಚಾರಣೆ ನಡೆಯಬೇಕು, ಚಿಕಿತ್ಸೆ ತಡೆದ ಆದೇಶಕ್ಕೆ ಸೂಪರಿಂಟೆಂಡೆಂಟರೇ ಹೆಸರು ಹಿಡಿದು ಹೊಣೆಯಾಗಬೇಕು ಎಂಬಷ್ಟನ್ನು ಆ ಕಾಯ್ದೆಗೆ ಸೇರಿಸುವಂತೆ ಓದುಗರು ತಮ್ಮ ಶಾಸಕರನ್ನು ಕೇಳಬೇಕು. ಸೆರೆಮನೆಯ ಕಾನೂನನ್ನು ತಿದ್ದುವ ಅಧಿಕಾರ ವಿಧಾನಸೌಧದಲ್ಲೇ ಇದೆ.