ಮತವಿಲ್ಲದ ಪೌರರು

ಕೆರಿಬಿಯನ್ ಕಡಲಿನ ಪೋರ್ಟೊ ರಿಕೊ ದ್ವೀಪವು 1898ರಲ್ಲಿ ಸ್ಪೇನಿನಿಂದ ಅಮೆರಿಕದ ವಶಕ್ಕೆ ಬಂದಿತು. 1917ರಿಂದ ಅಲ್ಲಿಯ ಜನರು ಅಮೆರಿಕದ ಪೌರರು. ಆದರೆ ಎಂತಹ ಪೌರತ್ವವಿದು! 1950–53ರ ಕೊರಿಯಾ ಯುದ್ಧದಲ್ಲಿ ದ್ವೀಪದ ತರುಣರು ಅಮೆರಿಕದ ಪರವಾಗಿ ಕಾದಿದರು. ಆ ಸೈನ್ಯದ ಮಹಾದಂಡನಾಯಕನಾದ ಅಧ್ಯಕ್ಷನನ್ನು ಆರಿಸುವ ಹಕ್ಕು ಮಾತ್ರ ದ್ವೀಪವಾಸಿಗಳಿಗೆ ಇಂದಿಗೂ ಇಲ್ಲ. ಅದೇ ಮನುಷ್ಯನು ಫ್ಲಾರಿಡಾಕ್ಕೆ ಹೋಗಿ ನೆಲೆಸಿದರೆ ಆ ಹಕ್ಕು ದೊರೆಯುತ್ತದೆ.

ದ್ವೀಪವು ಅಮೆರಿಕದ ರಾಜ್ಯವಾದರೆ ಈ ಕೊರತೆ ನೀಗುವುದು. ಸೆನೆಟ್ಟಿನಲ್ಲಿ ಇಬ್ಬರಿಗೆ ಸ್ಥಾನ. ಪ್ರತಿನಿಧಿ ಸಭೆಯಲ್ಲಿ ಜನಸಂಖ್ಯೆಗೆ ತಕ್ಕಷ್ಟು ಸದಸ್ಯರು. ಬಡವೃದ್ಧರಿಗೆ ಮುಖ್ಯಭೂಮಿಯವರಷ್ಟೇ ನೆರವು.

ಇದಕ್ಕೆ ಬೆಲೆಯೂ ಉಂಟು. ದ್ವೀಪದಲ್ಲಿಯೇ ಗಳಿಸಿದ ಆದಾಯದ ಮೇಲೆ ಈಗ ಬಹುಮಂದಿಗೆ ಕೇಂದ್ರದ ಆದಾಯ ತೆರಿಗೆಯಿಲ್ಲ. ಆ ರಿಯಾಯಿತಿ ತಪ್ಪುವುದು. ಮನೆಮಾತಾದ ಸ್ಪ್ಯಾನಿಷ್ ಭಾಷೆ ಇಂಗ್ಲಿಷಿನ ಒತ್ತಡದಲ್ಲಿ ಸೊರಗೀತೆಂಬ ಅಳುಕು ಬೇರೆ.

2020ರ ಜನಮತಗಣನೆಯಲ್ಲಿ ನೂರಕ್ಕೆ ಸುಮಾರು 52 ಮತಗಳು ರಾಜ್ಯತ್ವದ ಪರವಾಗಿ ಬಿದ್ದವು. ಅದರಿಂದ ಸ್ಥಿತಿ ಬದಲಾಗಲಿಲ್ಲ. ರಾಜ್ಯವನ್ನು ಸೇರಿಸಿಕೊಳ್ಳುವ ಅಧಿಕಾರವಿರುವುದು ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿಗೆ. ಅಲ್ಲಿ ದ್ವೀಪದ ಪರವಾಗಿ ಕುಳಿತಿರುವವನು ಒಬ್ಬನೇ ಪ್ರತಿನಿಧಿ. ಅವನು ಮಾತನಾಡಬಹುದು, ಮಸೂದೆಯ ಅಂತಿಮ ನಿರ್ಣಯದಲ್ಲಿ ಅವನಿಗೂ ಮತವಿಲ್ಲ.