ಹೊಳಪು ನೋಡಬೇಡಿ, ಉರಿ ನೋಡಿ

ನಂಜನಗೂಡು ದಾಟಿ ಚಾಮರಾಜನಗರದ ಕಡೆ ಹೊರಟ ರೈಲಿಗೆ ಕವಲಂದೆ ಒಂದು ಪುಟ್ಟ ನಿಲ್ದಾಣ. ಊರು ಅಷ್ಟು ಪುಟ್ಟದಲ್ಲ. ಹೋಬಳಿ ಕೇಂದ್ರವಾದ್ದರಿಂದ ಸುತ್ತಲಿನ ಹಳ್ಳಿಗಳವರು ಒಂದಲ್ಲ ಒಂದು ಕೆಲಸಕ್ಕೆ ಇಲ್ಲಿಗೆ ಬರಲೇಬೇಕು. ಬಂದವರಿಗೆ ಹೊಟ್ಟೆಯೂ ಇರುತ್ತದಲ್ಲ! ಇಂಥ ಊರುಗಳಲ್ಲಿ ಸಂಜೆಯಾದರೆ ಕಬಾಬಿನ ಬಾಣಲೆ ಉರಿಯುವುದು ಹಳೆಯ ಮಾತು. ಈಗ ಬಾಣಲೆಯ ಪಕ್ಕಕ್ಕೆ ಗಾಜಿನ ಬಾಗಿಲಿನ ಸ್ಟೀಲ್ ಪೆಟ್ಟಿಗೆಯೊಂದು ಬಂದು ನಿಂತಿದೆ. ಒಳಗೆ ಕೆಂಪಗೆ ಕಾದ ಗೋಡೆ, ಅದರ ಮುಂದೆ ಸೀಕಿಗೆ ಏರಿ ನಿಧಾನವಾಗಿ ತಿರುಗುವ ಕೋಳಿಗಳು. ಗ್ರಿಲ್ ಚಿಕನ್ ಮಷಿನ್ ಎಂದರೆ ಇದೇ.

ಹೊಸದು ಕೊಳ್ಳುವ ಶಕ್ತಿ ಸಣ್ಣ ಅಂಗಡಿಯವರಿಗೆ ಸುಲಭಕ್ಕೆ ಬರುವುದಿಲ್ಲ. ಆದ್ದರಿಂದ ಪೆಟ್ಟಿಗೆಗಳು ಕೈ ಬದಲಾಯಿಸುತ್ತ ಹೋಗುತ್ತವೆ. ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಬಾಡಿಗೆ ಕಟ್ಟಲಾಗದೆ ಹೋಟೆಲೊಂದು ಬಾಗಿಲು ಹಾಕಿತೆಂದರೆ ಅದರ ಭಟ್ಟಿ, ಫ್ರಿಜ್, ಗ್ರಿಲ್ ಎಲ್ಲವೂ ಸೆಕೆಂಡ್ ಹ್ಯಾಂಡ್ ಅಂಗಡಿಗೆ ಬರುತ್ತವೆ. ಅಲ್ಲಿಯೂ ಗಿರಾಕಿ ಸಿಗದಿದ್ದರೆ ಗುಜರಿಗೆ. 2020ರ ಲಾಕ್‌ಡೌನ್ ಹೀಗೆ ಎಷ್ಟೋ ಅಡುಗೆಮನೆಗಳನ್ನು ಬೀದಿಗೆ ತಂದಿಟ್ಟಿತು.

ವ್ಯಾಪಾರ ಶುರುವಾಗುವುದೇ ಅಯಸ್ಕಾಂತದಿಂದ. “ನೋಡಣ್ಣ, ಮ್ಯಾಗ್ನೆಟ್ ಹಿಡಿಯಕ್ಕಿಲ್ಲ, ಒರಿಜಿನಲ್ ಸ್ಟೀಲು” ಎಂದು ಮಾರುವವನು ತೋರಿಸುತ್ತಾನೆ. ಕೊಳ್ಳುವವನು ತಲೆಯಾಡಿಸುತ್ತಾನೆ. ಆ ಪರೀಕ್ಷೆ ಅರ್ಧ ಸತ್ಯ. 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕಲ್ ಇರುವ 304 ದರ್ಜೆಯ ಸ್ಟೀಲಿಗೆ ಅಯಸ್ಕಾಂತ ಅಂಟುವುದಿಲ್ಲ, ನಿಜ. ಆದರೆ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ತುಂಬಿದ ಅಗ್ಗದ 202 ದರ್ಜೆಗೂ ಅದು ಅಂಟುವುದಿಲ್ಲ. ಉಪ್ಪು, ನಿಂಬೆರಸ ಹಚ್ಚಿದ ಮಾಂಸದ ನೀರು ದಿನವೂ ತೊಟ್ಟಿಕ್ಕುವ ಕಡೆ ಈ 202 ಬೇಗ ಚುಕ್ಕಿ ಚುಕ್ಕಿಯಾಗಿ ತುಕ್ಕು ಹಿಡಿಯುತ್ತದೆ. ಅಯಸ್ಕಾಂತವನ್ನು ಜೇಬಿಗೆ ಹಾಕಿಕೊಂಡು ಎಣ್ಣೆ ಸುರಿಯುವ ತಟ್ಟೆಯ ಮೂಲೆಗಳನ್ನೂ ಬೆಸುಗೆಯ ಗೆರೆಗಳನ್ನೂ ಬಗ್ಗಿ ನೋಡಿದರೆ ಸ್ಟೀಲಿನ ಕುಲ ಅಲ್ಲೇ ಗೊತ್ತಾಗುತ್ತದೆ.

ಗಾಜಿನ ಸಂದಿಯಲ್ಲಿ ಉಜ್ಜಿದರೂ ಹೋಗದ ಕೆಂಪು ಕಲೆ ಕಂಡರೆ ಗಾಬರಿ ಬೇಡ. ಕಬಾಬಿಗೆ ಕೃತಕ ಬಣ್ಣ ಹಾಕುವುದನ್ನು ರಾಜ್ಯ ಸರ್ಕಾರ 2024ರ ಜೂನ್‌ನಲ್ಲಿ ನಿಷೇಧಿಸಿತು. ಅದಕ್ಕೆ ಮುಂಚಿನ ಕಾಲದ ಪಳೆಯುಳಿಕೆ ಇದ್ದೀತು.

ನನ್ನ ಮಾತು ಇಷ್ಟೇ: ತುಕ್ಕಿಗೆ ಹೆದರಿ ಒಳ್ಳೆಯ ಪೆಟ್ಟಿಗೆ ಬಿಡುವವರೂ ಹೊಳಪಿಗೆ ಮರುಳಾಗಿ ಕೆಟ್ಟದ್ದನ್ನು ಹೊತ್ತು ತರುವವರೂ ಒಂದೇ ತಪ್ಪು ಮಾಡುತ್ತಾರೆ. ಮೈ ಹಳತಾದರೆ ವೆಲ್ಡಿಂಗ್ ಶಾಪ್ ಇದೆ. ಗ್ಯಾಸ್ ಹರಿಯುವ ದಾರಿ ಕೆಟ್ಟಿದ್ದರೆ ಮಾತ್ರ ಅಗ್ಗದ ಮಾಲು ದುಬಾರಿಯಾಗುತ್ತದೆ. ಚೌಕಾಸಿ ಮಾಡಬೇಕಾದದ್ದು ಬರ್ನರಿನ ಎದುರು ಕೂತು.

ಈ ಮಷಿನ್ನುಗಳ ಹಿಂಗೋಡೆಯಲ್ಲಿರುವುದು ಪಿಂಗಾಣಿ ಬಿಲ್ಲೆಗಳು. ಒಂದೊಂದರಲ್ಲೂ ಸೂಜಿಮೊನೆಯಂಥ ಸಾವಿರಾರು ತೂತು. ಗ್ಯಾಸೂ ಗಾಳಿಯೂ ಬೆರೆತು ಆ ತೂತುಗಳಿಂದ ಹೊರಬಂದು ಬಿಲ್ಲೆಯ ಮುಖದ ಮೇಲೆಯೇ ಉರಿಯುತ್ತವೆ. ಮುಖ ಸುಮಾರು 900 ಡಿಗ್ರಿ ಸೆಲ್ಸಿಯಸ್‌ಗೆ ಕಾದು ಕೆಂಪಾಗುತ್ತದೆ. ಕೋಳಿಯನ್ನು ಬೇಯಿಸುವುದು ಹೆಚ್ಚಾಗಿ ಜ್ವಾಲೆಯಲ್ಲ, ಆ ಕೆಂಪಿನಿಂದ ಹೊಮ್ಮುವ ಕಾವು. ಬಿಲ್ಲೆ ಸೀಳಿದ್ದರೆ ಬೆಂಕಿ ಬಿರುಕಿನಲ್ಲಿ ಒಳಗೆ ನುಗ್ಗಿ ಹಿಂದಿನ ಪೆಟ್ಟಿಗೆಯಲ್ಲೇ ಉರಿಯತೊಡಗುತ್ತದೆ. ‘ಟಪ್’ ಎನ್ನುವ ಸದ್ದು ಅದರ ಗುರುತು. ಆದ್ದರಿಂದ ಮಾರುವವನನ್ನು “ಉರೀತದಾ?” ಎಂದು ಕೇಳಿ ಸುಮ್ಮನಾಗಬಾರದು, ಹಚ್ಚಿಸಿ, ಹತ್ತು ನಿಮಿಷ ನಿಂತು ನೋಡಬೇಕು. ಇಡೀ ಬಿಲ್ಲೆ ಒಂದೇ ಸಮ ಕೆಂಪಾದರೆ ಸರಿ. ಅಲ್ಲಲ್ಲಿ ಕಪ್ಪು ಉಳಿದರೆ ಜಿಡ್ಡು ಕಟ್ಟಿದೆ. ಹಳದಿ ನಾಲಿಗೆ ಎದ್ದು ಮಸಿ ಕಾರಿದರೆ ಗಾಳಿ ಸಾಲದು.

ಗಾಳಿ ಯಾಕೆ ಸಾಲದು? ಒಂದು ಪಾಲು ಎಲ್‌ಪಿಜಿ ಸರಿಯಾಗಿ ಉರಿಯಲು 24ರಿಂದ 31 ಪಾಲು ಗಾಳಿ ಬೇಕು. ಪ್ರೊಪೇನ್ ಹೆಚ್ಚಿದ್ದರೆ ಕಡಿಮೆ, ಬ್ಯೂಟೇನ್ ಹೆಚ್ಚಿದ್ದರೆ ಜಾಸ್ತಿ. ಆ ಗಾಳಿಯನ್ನು ಒಳಗೆ ಎಳೆದುಕೊಳ್ಳುವುದು ಗ್ಯಾಸ್ ಚಿಮ್ಮುವ ಜೆಟ್ಟಿನ ಮುಂದಿರುವ ಮಿಕ್ಸಿಂಗ್ ಟ್ಯೂಬು. ಮೂಲೆ ಸೇರಿದ ಮಷಿನ್ನಿನಲ್ಲಿ ಮೊದಲು ಸಂಸಾರ ಹೂಡುವುದು ಜೇಡ, ಜಿರಲೆ, ಮಣ್ಣಿನ ಗೂಡು ಕಟ್ಟುವ ಕಣಜ. ಅವಕ್ಕೆ ಈ ಟ್ಯೂಬಿಗಿಂತ ಒಳ್ಳೆಯ ಮನೆ ಬೇರೆ ಸಿಗದು. ಅಮೆರಿಕದಲ್ಲಿ ಹಿತ್ತಿಲಿನ ಗ್ಯಾಸ್ ಗ್ರಿಲ್ಲುಗಳ ಕೈಪಿಡಿಗಳೂ ಜೇಡದ ಬಗ್ಗೆ ಎಚ್ಚರಿಸುತ್ತವೆ. ಅಲ್ಲಿ ವೆಬರ್ ಕಂಪನಿ 1985ರಲ್ಲಿ ತಂದ ಜೆನೆಸಿಸ್ ಮಾದರಿಯ ಹಳೆಯ ಗ್ರಿಲ್ಲುಗಳನ್ನು ಹುಡುಕಿ ತಂದು ಬಿಚ್ಚಿ ತೊಳೆದು ಮತ್ತೆ ಉರಿಸುವುದು ವಾರಾಂತ್ಯದ ಹುಚ್ಚು. ಅದರ ದಪ್ಪ ಅಲ್ಯೂಮಿನಿಯಂ ಎರಕಕ್ಕೆ ತುಕ್ಕಿನ ಕಾಟವಿಲ್ಲ, ಕೊಳವೆ, ಬಿಡಿಭಾಗಗಳನ್ನಷ್ಟೇ ಬದಲಾಯಿಸಿದರಾಯಿತು. ಆ ಗ್ರಿಲ್ಲನ್ನು ಊರಿಗೆ ಹೊತ್ತು ತರಲು ಹೊರಟವರಿಗೆ ಒಂದು ಕಿವಿಮಾತು: ಅಲ್ಲಿಯ ರೆಗ್ಯುಲೇಟರ್ ನಮ್ಮ ಸಿಲಿಂಡರಿನ ತಲೆಗೆ ಕೂರುವುದಿಲ್ಲ.

ರಿಪೇರಿಯ ದಿನ ಇಡೀ ಮಷಿನ್ನನ್ನು ಅಂಗಳಕ್ಕೆ ತಂದು ಬಿಚ್ಚುವುದೇ ಒಳ್ಳೆಯದು. ವರ್ಷಗಟ್ಟಲೆ ಕೂತ ಜಿಡ್ಡಿಗೆ ಬಿಸಿನೀರು, ವಾಷಿಂಗ್ ಸೋಡಾ ಸಾಕು. ಕಾಸ್ಟಿಕ್ ಸೋಡಾ ಬೇಗ ಕೆಲಸ ಮಾಡುತ್ತದೆಂದು ಕೆಲವರು ಸುರಿಯುತ್ತಾರೆ. ಅದು ಅಲ್ಯೂಮಿನಿಯಂ ಭಾಗಗಳನ್ನು ತಿಂದುಹಾಕುತ್ತದೆ, ಕೈಯನ್ನೂ ಬಿಡುವುದಿಲ್ಲ. ಪಿಂಗಾಣಿ ಬಿಲ್ಲೆಗೆ ನೀರು ಬೇಡ, ಮೆತ್ತನೆಯ ಬ್ರಷ್ಷು, ಒಂದಿಷ್ಟು ಗಾಳಿ. ಟ್ಯೂಬಿನೊಳಕ್ಕೆ ಬಾಟಲಿ ತೊಳೆಯುವ ಬ್ರಷ್ ಹೋಗಲಿ.

ಜೆಟ್ಟಿನ ಹತ್ತಿರ ಕೈ ನಿಧಾನಿಸಬೇಕು. ತೂತು ಕಟ್ಟಿದೆ ಎಂದು ದಬ್ಬಳ ಚುಚ್ಚಿ ಅಗಲ ಮಾಡಿದವರಿಗೆ ಲೆಕ್ಕವಿಲ್ಲ. ಆ ತೂತಿನ ಅಳತೆಯೇ ಗ್ಯಾಸಿನ ಲೆಕ್ಕ. ಕೂದಲೆಳೆ ಹೆಚ್ಚಾದರೂ ಉರಿ ಹಳದಿಗೆ ತಿರುಗುತ್ತದೆ. ಹೊಸ ಜೆಟ್ ಕೆಲವೇ ರೂಪಾಯಿಯ ಮಾತು. ಆದರೆ ಅಂಗಡಿಯಲ್ಲಿ ಕೇಳುವಾಗ ಮಷಿನ್ ಲೋ ಪ್ರೆಶರಿನದೋ ಹೈ ಪ್ರೆಶರಿನದೋ ಹೇಳಬೇಕು. ಮನೆಯ ಸ್ಟವ್ವಿನ ರೆಗ್ಯುಲೇಟರ್ ಸುಮಾರು 30 ಮಿಲಿಬಾರ್ ಒತ್ತಡದಲ್ಲಿ ಗ್ಯಾಸ್ ಬಿಡುತ್ತದೆ. ಹೋಟೆಲ್ ಭಟ್ಟಿಗೆ ಹಾಕುವ ತಿರುಗಿಸುವ ರೆಗ್ಯುಲೇಟರ್ ಅದರ ಎಷ್ಟೋ ಪಟ್ಟು ಬಿಡಬಲ್ಲದು. ಲೋ ಪ್ರೆಶರ್ ಮಷಿನ್ನಿಗೆ ಅದನ್ನು ತಗುಲಿಸಿದರೆ ಜ್ವಾಲೆ ಬಿಲ್ಲೆಯನ್ನು ಬಿಟ್ಟು ಎದ್ದು ನಿಲ್ಲುತ್ತದೆ.

ಪೈಪು, ವಾಷರು, ರೆಗ್ಯುಲೇಟರ್ ಹಳೆಯವು ಎಷ್ಟೇ ಚೆನ್ನಾಗಿ ಕಂಡರೂ ಗುಜರಿಗೆ. ಈ ಒಂದು ವಿಷಯದಲ್ಲಿ ನಾನು ಜಿಪುಣತನಕ್ಕೆ ಮಣಿಯಲಾರೆ. ಮನೆಗೆ ಕೊಡುವ ಸುರಕ್ಷಾ ಟ್ಯೂಬಿಗೇ ಐದು ವರ್ಷದ ಆಯಸ್ಸು. ಹೈ ಪ್ರೆಶರಿಗೆ ಅದೂ ನಡೆಯದು, ಆ ಒತ್ತಡಕ್ಕೆಂದೇ ಮಾಡಿದ ಹೋಸ್ ಬೇಕು. ನಾಬ್ ಬಿಗಿಯಾಗಿದ್ದರೆ ಕಾಕ್ ಬಿಚ್ಚಿ ಕಾವು ತಡೆಯುವ ಗ್ರೀಸ್ ಹಚ್ಚಬೇಕು. ಕೊಬ್ಬರಿ ಎಣ್ಣೆ ಬಿಟ್ಟರೆ ನಾಲ್ಕು ದಿನದಲ್ಲಿ ಅಂಟಾಗುತ್ತದೆ.

ತೂತು ಬಿದ್ದ ಒಳತಗಡಿಗೆ ತೇಪೆ ಹಾಕುವಾಗ ವೆಲ್ಡಿಂಗಿನವನು ಕೈಗೆ ಸಿಕ್ಕ ಜಿಐ ಶೀಟ್ ಕತ್ತರಿಸಲು ಹೊರಟರೆ ತಡೆಯಿರಿ. ಅದರ ಮೇಲಿನ ಸತು 419 ಡಿಗ್ರಿಗೆ ಕರಗುತ್ತದೆ, 907ಕ್ಕೆ ಕುದಿಯುತ್ತದೆ. ಕೆಂಪಗಾಗುವ ಬಿಲ್ಲೆಯ ಪಕ್ಕದಲ್ಲಿ ಅದರ ಹೊಗೆ ಅಡುಗೆಗೂ ಬೇಡ, ಉಸಿರಿಗೂ ಬೇಡ. ಸಿಲ್ವರ್ ಪೇಂಟ್ ಬಳಿಯುವುದಿದ್ದರೆ ಹೊರಮೈಗೆ ಮಾತ್ರ. ಬೀಡುಕಬ್ಬಿಣದ ಜಾಲರಿ ಇರುವ ಮಾದರಿಯಾದರೆ ಸಂತೋಷ: ತುಕ್ಕು ಉಜ್ಜಿ ಹುಣಸೆಹಣ್ಣಿನಲ್ಲಿ ತಿಕ್ಕಿ, ಒಣಗಿಸಿ, ಹೊಸ ದೋಸೆ ಹೆಂಚನ್ನು ಪಳಗಿಸುವ ಹಾಗೆ ಎಣ್ಣೆ ಸವರಿ ಕಾಯಿಸುತ್ತ ಬಂದರೆ ಇನ್ನೊಂದು ತಲೆಮಾರು ಬಾಳುತ್ತದೆ. ತಂತಿ ಬ್ರಷ್ಷಿನಲ್ಲಿ ಉಜ್ಜಿದ್ದರೆ ಕೊನೆಗೆ ಬಟ್ಟೆಯಿಂದ ಒರೆಸಲೇಬೇಕು; ಉದುರಿದ ಎಳೆ ಯಾರದೋ ಗಂಟಲಿಗೆ ಹೋದೀತು. ಸೀಕು ತಿರುಗಿಸುವ ಮೋಟರು ಕರೆಂಟಿನದು, ಅಂಗಡಿಯ ಸಾಕೆಟ್ಟಿಗೆ ಅರ್ಥಿಂಗ್ ಇದೆಯೇ ನೋಡಿಸಿ.

ಸಿಲಿಂಡರಿನ ವಿಷಯದಲ್ಲಿ ಕಾನೂನು ಸ್ಪಷ್ಟ. ಮನೆಗೆ ಬರುವ 14.2 ಕೆ.ಜಿ. ಸಿಲಿಂಡರನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ, ಅಂಗಡಿಗೆ 19 ಕೆ.ಜಿ.ಯದು. ಬೀದಿಬದಿಯಲ್ಲಿ ಈ ನಿಯಮ ಹೇಗೆ ನಡೆಯುತ್ತದೆ ಎಂಬುದನ್ನು ಓದುಗರಿಗೆ ನಾನು ಹೇಳಬೇಕಿಲ್ಲ.

ಎಲ್ಲ ಜೋಡಿಸಿದ ಮೇಲೆ ಸೋಪಿನ ನೊರೆ. ಸಿಲಿಂಡರಿನ ತಲೆಯಿಂದ ಜೆಟ್ಟಿನವರೆಗೆ ಪ್ರತಿ ಕೀಲಿಗೂ ಹಚ್ಚಿ, ಗುಳ್ಳೆ ಏಳುವುದೇ ನೋಡಬೇಕು. ಕಡ್ಡಿ ಗೀರಿ ಲೀಕ್ ಹುಡುಕುವ ಶೂರರು ಇನ್ನೂ ಇದ್ದಾರೆ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದ್ದು ನೆಲ ಹಿಡಿದು ಹರಿದು ಚರಂಡಿಯಲ್ಲೋ ಕೌಂಟರಿನ ಅಡಿಯಲ್ಲೋ ಕೂತು ಕಾಯುತ್ತದೆ. ವಾಸನೆ ಬಂದರೆ ಸ್ವಿಚ್ ಮುಟ್ಟದೆ ವಾಲ್ವ್ ಮುಚ್ಚಿ, ಹೊರಗೆ ಬಂದು 1906ಕ್ಕೆ ಫೋನ್ ಮಾಡುವುದು.

ಮೊದಲ ದಿನ ಮಷಿನ್ನನ್ನು ಬಯಲಲ್ಲಿಟ್ಟು ಬರಿದೇ ಉರಿಸಿ. ಉಳಿದ ಜಿಡ್ಡೆಲ್ಲ ಹೊಗೆಯಾಗಿ ಹೋಗುತ್ತದೆ, ಆ ನಾತಕ್ಕೆ ಅಕ್ಕಪಕ್ಕದವರು ಬೈದರೆ ಬೈಯಲಿ. ಮಾರನೆಯ ದಿನ ಒಂದೇ ಕೋಳಿ ಹಾಕಿ ನೋಡಿ. ಹಳೆಯ ಬಿಲ್ಲೆಯ ಕಾವು ಒಂದು ಪಕ್ಕಕ್ಕೆ ಹೆಚ್ಚಿರಬಹುದು. ಮೇಲೆ ಕೆಂಪಗಾಗಿ ಒಳಗೆ ಹಸಿ ಉಳಿಯುವುದು ಈ ಮಷಿನ್ನುಗಳ ದೊಡ್ಡ ದೋಷ. ತೊಡೆಯ ದಪ್ಪ ಭಾಗಕ್ಕೆ ಮೂಳೆ ತಾಗದಂತೆ ಥರ್ಮಾಮೀಟರ್ ಚುಚ್ಚಿದಾಗ 74 ಡಿಗ್ರಿ ತೋರಿಸಿದರೆ ಇಳಿಸಬಹುದು, ಇಲ್ಲದಿದ್ದರೆ ಗಿರಾಕಿ ಎಷ್ಟೇ ಅವಸರ ಮಾಡಲಿ, ಇನ್ನೂ ನಾಲ್ಕು ಸುತ್ತು ತಿರುಗಲಿ.