ಒಂದು ಸೆಕೆಂಡನ್ನು ಹಿಡಿದಿಡುವ ಕಷ್ಟ

ಕ್ಯಾಮೆರಾ ಹುಟ್ಟಿದ ಮೇಲೆ ಹತ್ತಿರಹತ್ತಿರ ನಲವತ್ತು ವರ್ಷ ಬಹುಪಾಲು ಛಾಯಾಗ್ರಾಹಕರಿಗೆ ಶಟರ್ ಬೇಕಾಗಲೇ ಇಲ್ಲ. 1839ರಲ್ಲಿ ಪ್ಯಾರಿಸ್ಸಿನಲ್ಲಿ ಡಾಗೇರ್‌ನ ವಿಧಾನ ಬಹಿರಂಗವಾದಾಗ ಒಂದು ಚಿತ್ರಕ್ಕೆ ಹಲವು ನಿಮಿಷ ಬೆಳಕು ಬೇಕಿತ್ತು. ಲೆನ್ಸಿನ ಮುಚ್ಚಳ ತೆಗೆದು, ಗಡಿಯಾರ ನೋಡುತ್ತ ನಿಂತು, ಮತ್ತೆ ಮುಚ್ಚಿದರೆ ಕೆಲಸ ಮುಗಿಯಿತು. 1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಪ್ರಕಟಿಸಿದ ಒದ್ದೆ ಕೊಲೋಡಿಯನ್ ವಿಧಾನ ನಿಮಿಷಗಳನ್ನು ಸೆಕೆಂಡುಗಳಿಗೆ ಇಳಿಸಿತು. ಆಗಲೂ ಕೈಯೇ ಸಾಕಿತ್ತು. ಎಂಟು ಸೆಕೆಂಡು ಎಣಿಸಬೇಕಾದವನು ಅರ್ಧ ಸೆಕೆಂಡು ಆಚೀಚೆ ಮಾಡಿದರೆ ಚಿತ್ರವೇನೂ ಕೆಡುತ್ತಿರಲಿಲ್ಲ.

ಕೈ ಸೋತದ್ದು ಜೆಲಟಿನ್ ಲೇಪದ ಒಣ ಪ್ಲೇಟುಗಳ ಮುಂದೆ. ಇಂಗ್ಲೆಂಡಿನ ವೈದ್ಯ ರಿಚರ್ಡ್ ಲೀಚ್ ಮ್ಯಾಡಾಕ್ಸ್ 1871ರಲ್ಲಿ ಅವುಗಳಿಗೆ ದಾರಿ ತೋರಿಸಿದ. 1878ರಲ್ಲಿ ಚಾರ್ಲ್ಸ್ ಬೆನೆಟ್ ಆ ಲೇಪದ್ರವವನ್ನು ಕೆಲವು ದಿನ ಬೆಚ್ಚಗೆ ಇಟ್ಟು ಹದಗೊಳಿಸಿದರೆ ಬೆಳಕಿಗೆ ಅದು ಸ್ಪಂದಿಸುವ ಚುರುಕು ಬಹಳ ಹೆಚ್ಚುತ್ತದೆ ಎಂದು ತೋರಿಸಿದ. ಒಳ್ಳೆಯ ಬಿಸಿಲಿದ್ದರೆ ಈಗ ಸೆಕೆಂಡಿನ ಇಪ್ಪತ್ತೈದನೇ ಒಂದು ಭಾಗದಲ್ಲಿ ಚಿತ್ರ ತೆಗೆಯಬಹುದಿತ್ತು. ಮುಚ್ಚಳವನ್ನು ಅಷ್ಟು ಬೇಗ ತೆಗೆದು ಹಾಕುವ ಕೈ ಯಾರಿಗೂ ಇಲ್ಲ. ಹೀಗೆ ಕಾಲವನ್ನು ಅಳೆಯುವ ಕೆಲಸ ಮನುಷ್ಯನಿಂದ ಯಂತ್ರಕ್ಕೆ ಹೋಯಿತು.

ಮೊದಮೊದಲ ಯಂತ್ರ ಎಂಥದೆಂದರೆ, ಒಂದು ತೂತಿರುವ ಹಲಗೆ. ಅದನ್ನು ಲೆನ್ಸಿನ ಮುಂದಿನ ಎರಡು ತೋಡುಗಳ ನಡುವೆ ಮೇಲಕ್ಕೆತ್ತಿ ಒಂದು ಕೊಕ್ಕೆಗೆ ಸಿಕ್ಕಿಸುವುದು. ಕೊಕ್ಕೆ ಬಿಟ್ಟರೆ ಹಲಗೆ ಬೀಳುತ್ತದೆ, ತೂತು ಲೆನ್ಸಿನ ಎದುರು ಹಾದುಹೋಗುತ್ತದೆ, ಹಿಂದೆಯೇ ಬರುವ ಗಟ್ಟಿ ಮರ ಬೆಳಕನ್ನು ಮುಚ್ಚುತ್ತದೆ. ಇದಕ್ಕೆ ಗಿಲೊಟಿನ್ ಶಟರ್ ಎಂಬ ಹೆಸರೂ ಇತ್ತು. ಇದರ ಗಡಿಯಾರ ಭೂಮಿಯ ಗುರುತ್ವವೇ. ಹಾಗಾಗಿ ಸವೆತವಿಲ್ಲ, ದಣಿವಿಲ್ಲ. ಇವತ್ತು ಬಿದ್ದಷ್ಟೇ ವೇಗದಲ್ಲಿ ನಾಳೆಯೂ ಬೀಳುತ್ತದೆ.

ಆದರೆ ಆ ಕಾಲವನ್ನು ನಮಗೆ ಬೇಕಾದಂತೆ ಬದಲಿಸುವುದು ಹೇಗೆ? ಲೆಕ್ಕ ಹಾಕಿ ನೋಡೋಣ. ಲೆನ್ಸಿನ ಬಾಯಿ 3 ಸೆಂಟಿಮೀಟರ್, ಹಲಗೆಯ ತೂತೂ 3 ಸೆಂಟಿಮೀಟರ್ ಇರಲಿ. ತೂತಿನ ಕೆಳ ಅಂಚು ಲೆನ್ಸಿನ ಮೇಲಂಚನ್ನು ಮುಟ್ಟಿದ ಗಳಿಗೆಯಿಂದ ತೂತಿನ ಮೇಲಂಚು ಲೆನ್ಸಿನ ಕೆಳ ಅಂಚನ್ನು ದಾಟುವವರೆಗೆ ಹಲಗೆ 6 ಸೆಂಟಿಮೀಟರ್ ಇಳಿಯಬೇಕು. ನಿಂತ ಜಾಗದಿಂದಲೇ ಈ ಆರು ಸೆಂಟಿಮೀಟರ್ ಶುರುವಾದರೆ ಸೆಕೆಂಡಿನ ಒಂಬತ್ತನೇ ಒಂದು ಭಾಗ ಹಿಡಿಯುತ್ತದೆ. ಮೊದಲೇ 10 ಸೆಂಟಿಮೀಟರ್ ಬಿದ್ದು ವೇಗ ಪಡೆದು ಬಂದರೆ ಸುಮಾರು 1/26 ಸೆಕೆಂಡು. ಇನ್ನೂ ಬೇಗ ಬೇಕೆಂದು 40 ಸೆಂಟಿಮೀಟರ್ ಮೇಲಿನಿಂದ ಬಿಟ್ಟರೆ? 1/48 ಸೆಕೆಂಡು. ಎತ್ತರ ನಾಲ್ಕು ಪಟ್ಟಾದರೂ ಕಾಲ ಅರ್ಧಕ್ಕಷ್ಟೇ ಇಳಿಯಿತು. ಬೀಳುವ ವಸ್ತುವಿನ ವೇಗ ಎತ್ತರದ ವರ್ಗಮೂಲವನ್ನು ಅನುಸರಿಸುತ್ತದೆ ಎಂಬ ನಿಯಮ ಇಲ್ಲಿ ಛಾಯಾಗ್ರಾಹಕನ ಕೈ ಕಟ್ಟಿಹಾಕುತ್ತದೆ. ಅದಕ್ಕೇ ಜನ ಹಲಗೆಗೆ ರಬ್ಬರ್ ಬ್ಯಾಂಡು ಕಟ್ಟಿ ಕೆಳಕ್ಕೆ ಸೆಳೆಯತೊಡಗಿದರು.

1878ರ ಜೂನಿನಲ್ಲಿ ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋದಲ್ಲಿ ಎಡ್ವರ್ಡ್ ಮೈಬ್ರಿಜ್ ಓಡುವ ಕುದುರೆಯನ್ನು 12 ಕ್ಯಾಮೆರಾಗಳಲ್ಲಿ ಹಿಡಿದನಲ್ಲ, ಅವನ ಶಟರುಗಳೂ ಇದೇ ಕುಲದವು. ಒಂದರ ಪಕ್ಕ ಒಂದು ಎದುರುಬದುರು ಜಾರುವ ಎರಡು ಪಟ್ಟಿಗಳು, ಅವನ್ನು ಬಿಗಿಯಾಗಿ ಎಳೆಯುವ ಬಲ, ವಿದ್ಯುತ್ತಿನಿಂದ ಬಿಡುಗಡೆ. ಅವನು ಇನ್ನೂ ಒದ್ದೆ ಕೊಲೋಡಿಯನ್ ಬಳಸುತ್ತಿದ್ದ ಎಂಬುದನ್ನು ನೆನೆದರೆ ಈ ಸಾಧನೆಯ ತೂಕ ಇನ್ನಷ್ಟು ತಿಳಿಯುತ್ತದೆ. ಚಿತ್ರಗಳು ಹೆಚ್ಚುಕಡಿಮೆ ನೆರಳಿನಂತೆ ಬಂದವು. ಆದರೂ ಕುದುರೆಯ ನಾಲ್ಕೂ ಗೊರಸು ನೆಲ ಬಿಟ್ಟಿರುವ ಗಳಿಗೆ ಕಂಡಿತು.

ವೇಗವನ್ನು ಹೊಂದಿಸಬಲ್ಲ ಶಟರನ್ನು ಸಾಮಾನ್ಯ ಛಾಯಾಗ್ರಾಹಕನ ಕೈಗಿಟ್ಟವರಲ್ಲಿ ಇಂಗ್ಲೆಂಡಿನ ಥಾರ್ನ್‌ಟನ್-ಪಿಕಾರ್ಡ್ ಕಂಪನಿಗೆ ದೊಡ್ಡ ಪಾಲಿದೆ. ಮ್ಯಾಂಚೆಸ್ಟರಿನಲ್ಲಿ ಶುರುವಾಗಿ ಆಮೇಲೆ ಆಲ್ಟ್ರಿಂಚಮ್‌ಗೆ ಹೋದ ಈ ಕಂಪನಿಯ ರೋಲರ್-ಬ್ಲೈಂಡ್ ಶಟರ್ ಒಂದು ಚಿಕ್ಕ ಮಹಾಗನಿ ಪೆಟ್ಟಿಗೆ. ಲೆನ್ಸಿನ ಮೂತಿಗೆ ಸಿಕ್ಕಿಸಿಕೊಳ್ಳಬಹುದು. ಒಳಗೆ ಮೇಲೊಂದು ಕೆಳಗೊಂದು ಉರುಳೆ, ನಡುವೆ ಆಯತಾಕಾರದ ಕಿಂಡಿ ಬಿಟ್ಟ ಕಪ್ಪು ಬಟ್ಟೆ. ಬಟ್ಟೆಗೆ ಬೆಳಕು ನುಸುಳದಂತೆ ರಬ್ಬರ್ ಲೇಪ. ದಾರ ಎಳೆದರೆ ಬಟ್ಟೆ ಒಂದು ಉರುಳೆಗೆ ಸುತ್ತಿಕೊಂಡು ಕೊಕ್ಕೆಗೆ ಸಿಗುತ್ತದೆ. ರಬ್ಬರ್ ಬುರುಡೆ ಹಿಸುಕಿದರೆ ಗಾಳಿ ಕೊಳವೆಯಲ್ಲಿ ಹೋಗಿ ಕೊಕ್ಕೆ ತಪ್ಪಿಸುತ್ತದೆ, ಇನ್ನೊಂದು ಉರುಳೆಯೊಳಗಿನ ಸ್ಪ್ರಿಂಗ್ ಬಟ್ಟೆಯನ್ನು ರಪ್ಪನೆ ಎಳೆದುಕೊಳ್ಳುತ್ತದೆ. ಪಕ್ಕದ ಗುಬಟನ್ನು ತಿರುಗಿಸಿ ಸ್ಪ್ರಿಂಗನ್ನು ಹೆಚ್ಚು ಬಿಗಿ ಮಾಡಿದಷ್ಟೂ ಬಟ್ಟೆಯ ಓಟ ಹೆಚ್ಚು. ಹೀಗೆ ಸುಮಾರು 1/15ರಿಂದ 1/90 ಸೆಕೆಂಡಿನವರೆಗೆ ಆಯ್ಕೆ.

ಈ ಎರಡು ಅಂಕಿಗಳನ್ನು ಗಮನವಿಟ್ಟು ನೋಡಬೇಕು. 1/90 ಆ ಕಾಲದ ಪ್ಲೇಟಿಗೆ ಧಾರಾಳವಾಗಿ ಸಾಕು. ತೊಡಕಿರುವುದು ಇನ್ನೊಂದು ತುದಿಯಲ್ಲಿ. ಸ್ಪ್ರಿಂಗನ್ನು ಎಷ್ಟೇ ಸಡಿಲಿಸಿದರೂ 1/15ಕ್ಕಿಂತ ನಿಧಾನವಾಗುವುದಿಲ್ಲ. ಅದಕ್ಕೂ ಸಡಿಲಿಸಿದರೆ ಬಟ್ಟೆ ನಡುದಾರಿಯಲ್ಲೇ ನಿಂತುಬಿಡುತ್ತದೆ. ಮೋಡ ಕವಿದ ದಿನ, ಮನೆಯೊಳಗಿನ ಮುಖ, ಕಾಡಿನ ನೆರಳು, ಇವಕ್ಕೆಲ್ಲ ಬೇಕಾದದ್ದು ಕಾಲು ಸೆಕೆಂಡು, ಅರ್ಧ ಸೆಕೆಂಡು, ಒಂದು ಸೆಕೆಂಡು. ಅಲ್ಲಿ ಮತ್ತೆ ಕೈಯೇ ಗತಿ. ಶಟರುಗಳ ಚರಿತ್ರೆಯನ್ನು ವೇಗದ ಓಟವೆಂದು ಬರೆಯುವುದು ರೂಢಿ. ನನಗೆ ಮಾತ್ರ ಅದು ನಿಧಾನದ ಹುಡುಕಾಟವಾಗಿಯೇ ಕಾಣುತ್ತದೆ. ಬೇಗ ಓಡುವುದು ಸ್ಪ್ರಿಂಗಿನ ಹುಟ್ಟುಗುಣ. ತೆರೆದು, ಸುಮ್ಮನೆ ಕಾದು, ಹೇಳಿದ ಗಳಿಗೆಗೆ ಸರಿಯಾಗಿ ಮುಚ್ಚು, ಮುಂದಿನ ಸಲವೂ ಅಷ್ಟೇ ಕಾಲ ಕಾಯಿ ಎಂದು ಅದನ್ನು ಒಪ್ಪಿಸಬೇಕಾದರೆ ಬುದ್ಧಿ ಖರ್ಚಾಗುತ್ತದೆ.

ಆ ಬುದ್ಧಿ ಕೆಲಸ ಮಾಡಿದ್ದು ಶಟರ್ ಲೆನ್ಸಿನ ಒಳಗೆ ಹೋದಾಗ. ಮುಂದಿನ ಗಾಜಿಗೂ ಹಿಂದಿನ ಗಾಜಿಗೂ ನಡುವೆ, ಬೆಳಕಿನ ಕಿಂಡಿ ಇರುವ ಕಡೆ, ತೆಳು ಉಕ್ಕಿನ ಅಲಗುಗಳನ್ನು ಇಟ್ಟರು. ಈ ಜಾಗದ ಆಯ್ಕೆಗೆ ಒಳ್ಳೆಯ ಕಾರಣವಿದೆ. ಚಿತ್ರದ ಮೂಲೆಗೆ ಹೋಗುವ ಬೆಳಕೂ ನಡುವಿಗೆ ಹೋಗುವ ಬೆಳಕೂ ಇಲ್ಲಿ ಒಂದೇ ಕಿಂಡಿಯಲ್ಲಿ ಹಾಯುತ್ತವೆ. ಅಲಗುಗಳು ನಡುವಿನಿಂದ ಬಿರಿಯುತ್ತ ಅರ್ಧ ತೆರೆದಿದ್ದಾಗಲೂ ಇಡೀ ಚಿತ್ರಕ್ಕೆ ಒಂದೇ ಸಮ ಬೆಳಕು ಬೀಳುತ್ತದೆ. ಒಂದು ಪಕ್ಕ ಮೊದಲು, ಇನ್ನೊಂದು ಪಕ್ಕ ಆಮೇಲೆ ಎಂಬ ಭೇದವಿಲ್ಲ.

ಅಮೆರಿಕದ ರಾಚೆಸ್ಟರಿನ ಬಾಷ್ ಅಂಡ್ ಲಾಂಬ್ ಕಂಪನಿ 1897ರಲ್ಲಿ ಹೊರತಂದ ಯೂನಿಕಮ್ ಶಟರಿನ ಮುಖದ ಮೇಲೆ ಎಡಬಲಕ್ಕೆ ಎರಡು ಹಿತ್ತಾಳೆ ಸಿಲಿಂಡರುಗಳಿವೆ. ಒಂದಕ್ಕೆ ರಬ್ಬರ್ ಬುರುಡೆಯ ಕೊಳವೆ ಸಿಕ್ಕಿಸುತ್ತಾರೆ, ಅದು ಬಿಡುಗಡೆಗೆ. ಇನ್ನೊಂದು ತಡೆಗೆ. ಸೈಕಲ್ ಪಂಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿ ತಳ್ಳಿದವರಿಗೆ ಆ ಎರಡನೆಯದರ ಗುಟ್ಟು ಗೊತ್ತು: ಗಾಳಿ ಸಂದಿಯಿಂದ ನುಸುಳಿ ಹೋಗುವ ತನಕ ಹಿಡಿ ಮುಂದೆ ಸರಿಯುವುದಿಲ್ಲ. ಸ್ಪ್ರಿಂಗ್ ಅಲಗುಗಳನ್ನು ತೆರೆಯುತ್ತದೆ. ಮುಚ್ಚಲು ಹೋಗುವಾಗ ಪಿಸ್ಟನ್ ಅದನ್ನು ಹಿಡಿದೆಳೆಯುತ್ತದೆ. ಮೇಲಿನ ಚಕ್ರವನ್ನು ತಿರುಗಿಸಿ ಪಿಸ್ಟನ್ ಎಷ್ಟು ದೂರ ಸಾಗಬೇಕು ಎಂದು ನಿಗದಿ ಮಾಡಿದರೆ 1 ಸೆಕೆಂಡಿನಿಂದ 1/100 ಸೆಕೆಂಡಿನವರೆಗೆ ಕಾಲ ಸಿಗುತ್ತದೆ. ಅದೇ ಚಕ್ರದ ಮೇಲೆ ಟಿ, ಬಿ ಎಂಬ ಅಕ್ಷರಗಳೂ ಇದ್ದವು. ಟಿ ಇಟ್ಟರೆ ಒಂದು ಸಲ ಒತ್ತಿದಾಗ ತೆರೆದು ಇನ್ನೊಂದು ಸಲಕ್ಕೆ ಮುಚ್ಚುತ್ತದೆ. ಬಿ ಇಟ್ಟರೆ ಬುರುಡೆ ಹಿಸುಕಿ ಹಿಡಿದಷ್ಟು ಹೊತ್ತು ತೆರೆದಿರುತ್ತದೆ.

ಜೇಬಿನಲ್ಲಿ ಹಿಡಿಸುವಷ್ಟು ಚಿಕ್ಕ ಯಂತ್ರ ಒಂದು ಸೆಕೆಂಡನ್ನು ತಾನಾಗಿಯೇ ಎಣಿಸಿದ್ದು ಸಣ್ಣ ಸಂಗತಿಯಲ್ಲ. ಆದರೆ ಗಾಳಿಯನ್ನು ನಂಬಿ ಕೂರುವಂತಿಲ್ಲ. ಪಿಸ್ಟನ್ನಿಗೂ ಸಿಲಿಂಡರಿಗೂ ನಡುವಿನ ಸಂದಿ ಕೂದಲೆಳೆಗಿಂತ ಕಿರಿದು. ಅಲ್ಲೊಂದು ಧೂಳಿನ ಕಣ ಕೂತರೂ, ಎಣ್ಣೆಯ ಪಸೆ ಸೇರಿದರೂ ಒಂದು ಸೆಕೆಂಡು ಒಂದೂವರೆ ಆಗಬಹುದು. ಸವೆದರೆ ಮುಕ್ಕಾಲಾಗಬಹುದು. ಭಾರತದಂಥ ಬಿಸಿಲ ನಾಡುಗಳಿಗೆಂದೇ ಬ್ರಿಟಿಷ್ ಕಂಪನಿಗಳು ತೇಗದ ಮರಕ್ಕೆ ಹಿತ್ತಾಳೆಯ ಪಟ್ಟಿ ಬಿಗಿದು ‘ಟ್ರಾಪಿಕಲ್’ ಕ್ಯಾಮೆರಾಗಳನ್ನು ಮಾಡುತ್ತಿದ್ದವು. ಪೆಟ್ಟಿಗೆಯನ್ನು ಸೆಕೆಗೂ ಹುಳುವಿಗೂ ಗಟ್ಟಿ ಮಾಡುವುದು ಸುಲಭ. ಒಳಗಿನ ರಬ್ಬರಿಗೆ, ತೊಗಲಿಗೆ, ಎಣ್ಣೆಗೆ ಆ ರಕ್ಷಣೆ ಎಲ್ಲಿಂದ ಬರಬೇಕು?

ಇದಕ್ಕೆ ಪರಿಹಾರ ಬಂದದ್ದು ಮ್ಯೂನಿಕ್ಕಿನಿಂದ. ಕ್ರಿಶ್ಚಿಯನ್ ಬ್ರೂನ್ಸ್ ಮತ್ತು ಫ್ರೀಡ್ರಿಖ್ ಡೆಕೆಲ್ 20ನೇ ಶತಮಾನದ ಮೊದಲ ವರ್ಷಗಳಲ್ಲಿ ಮಾಡಿದ ಕಾಂಪೌಂಡ್ ಶಟರ್ ಕೂಡ ಗಾಳಿತಡೆಯದೇ. ಅಚ್ಚುಕಟ್ಟಾದ ಕೆಲಸ, ಹೆಸರೂ ಮಾಡಿತು. ಆದರೂ ಬ್ರೂನ್ಸ್ ಗಾಳಿಯನ್ನು ಬಿಟ್ಟು ಹಲ್ಲುಚಕ್ರಗಳ ಕಡೆ ತಿರುಗಿದ. ಆ ಹೊಸ ತಡೆಯನ್ನು ಅಳವಡಿಸಿಕೊಂಡ ಕಾಂಪರ್ ಶಟರನ್ನು ಡೆಕೆಲ್ ಕಂಪನಿ 1912ರಲ್ಲಿ ಮಾರುಕಟ್ಟೆಗೆ ತಂದಿತು.

ಕಾಂಪರ್ ಬಿಚ್ಚಿದರೆ ಲೆನ್ಸಿನ ಸುತ್ತ ಒಂದು ಉಂಗುರ ಕಾಣುತ್ತದೆ. ಸ್ಪ್ರಿಂಗಿನ ಬಲದಿಂದ ಅದು ತಿರುಗಿ ಅಲಗುಗಳನ್ನು ತೆರೆಯುತ್ತದೆ, ತಿರುಗಾಟ ಮುಗಿಸುವಾಗ ಮುಚ್ಚುತ್ತದೆ. ದೊಡ್ಡ ವೇಗಕ್ಕೆ ಇಷ್ಟೇ ಸಾಕು. ನಿಧಾನದ ಕಾಲ ಬೇಕಾದರೆ, ಅಲಗುಗಳು ಪೂರ್ತಿ ತೆರೆದ ಹೊತ್ತಿಗೆ ಉಂಗುರದ ದಾರಿಗೆ ಒಂದು ಸನ್ನೆಕೋಲು ಅಡ್ಡ ಬರುತ್ತದೆ. ಉಂಗುರ ಅದನ್ನು ತಳ್ಳಿಕೊಂಡೇ ಮುಂದೆ ಹೋಗಬೇಕು. ಸನ್ನೆಕೋಲಿಗೆ ಹಲ್ಲುಗಳಿವೆ, ಅವು ಒಂದು ಪುಟ್ಟ ಚಕ್ರವನ್ನು, ಅದು ಇನ್ನೂ ಪುಟ್ಟ ಚಕ್ರವನ್ನು ತಿರುಗಿಸುತ್ತ ಹೋಗುತ್ತವೆ. ಪ್ರತಿ ಹಂತದಲ್ಲೂ ಸುತ್ತುಗಳು ಹೆಚ್ಚುತ್ತವೆ. ಕೊನೆಯ ಚಕ್ರದ ಚೂಪು ಹಲ್ಲುಗಳಿಗೆ ಎರಡು ಕೊಂಡಿಯ ಒಂದು ಲಂಗರು ತಾಗಿಕೊಂಡಿರುತ್ತದೆ. ಚಕ್ರದ ಒಂದೊಂದು ಹಲ್ಲೂ ಆ ಲಂಗರನ್ನು ಅತ್ತ ಒಮ್ಮೆ ಇತ್ತ ಒಮ್ಮೆ ತಳ್ಳಿ ಓಲಾಡಿಸಿಯೇ ದಾಟಬೇಕು. ಕಾಂಪರ್ ಶಟರನ್ನು ಒಂದು ಸೆಕೆಂಡಿಗೆ ಇಟ್ಟು ಬಿಟ್ಟಾಗ ಕೇಳುವ ‘ಜರ್ರ್’ ಎಂಬ ಸದ್ದು ಈ ಓಲಾಟದ್ದೇ.

ಗೋಡೆ ಗಡಿಯಾರದ ಲೋಲಕಕ್ಕೆ ತನ್ನದೇ ತಾಳವಿದೆ. ಈ ಲಂಗರಿಗೆ ಅದಿಲ್ಲ. ಸ್ಪ್ರಿಂಗ್ ಬಿಗಿಯಾದರೆ ಬೇಗ, ಸಡಿಲಾದರೆ ನಿಧಾನ ಓಲಾಡುತ್ತದೆ. ಹಾಗಿದ್ದೂ ಇದು ಗಾಳಿಗಿಂತ ಎಷ್ಟೋ ಪಾಲು ಮೇಲು. ಕಾಲವನ್ನು ಇಲ್ಲಿ ನಿರ್ಧರಿಸುವುದು ಲೋಹದ ತುಣುಕುಗಳ ತೂಕ, ಆಕಾರ ಮತ್ತು ಹಲ್ಲುಗಳ ಎಣಿಕೆ. ಅವು ದಿನದಿಂದ ದಿನಕ್ಕೆ ಬದಲಾಗುವ ವಸ್ತುಗಳಲ್ಲ.

ಕಾಲವನ್ನು ಹೊಂದಿಸುವ ಉಪಾಯವಂತೂ ನನಗೆ ಬಲು ಇಷ್ಟ. ಬಳಸುವವನು ತಿರುಗಿಸುವ ಚಕ್ರದ ಅಡಿಯಲ್ಲಿ ಏರಿಳಿವಿನ ಅಂಚುಗಳನ್ನು ಕೊರೆದಿರುತ್ತಾರೆ. 1 ಸೆಕೆಂಡಿಗೆ ಇಟ್ಟರೆ ಆ ಅಂಚು ಸನ್ನೆಕೋಲನ್ನು ಉಂಗುರದ ದಾರಿಯಲ್ಲಿ ಆಳಕ್ಕೆ ಇಳಿಸುತ್ತದೆ, ಹೆಚ್ಚು ಹಲ್ಲುಗಳು ದಾಟಬೇಕಾಗುತ್ತದೆ. ½, 1/5 ಅಂದಂತೆ ಸನ್ನೆಕೋಲು ಹಿಂದೆ ಸರಿಯುತ್ತ ಹೋಗುತ್ತದೆ. ಇನ್ನೂ ಮುಂದೆ ಹೋದರೆ ಲಂಗರು ಚಕ್ರದಿಂದ ಕಳಚಿಕೊಳ್ಳುತ್ತದೆ, ಬರೀ ಚಕ್ರಗಳ ಜಡತ್ವವೇ ತಡೆ. 1/250ಕ್ಕೆ ಬಂದರೆ ಚಕ್ರಗಳೂ ದಾರಿ ಬಿಡುತ್ತವೆ. ಒಂದೇ ಸ್ಪ್ರಿಂಗ್, ಒಂದೇ ಬಲ. ಬದಲಾಗುವುದು ಅಡ್ಡಿ ಮಾತ್ರ. ಥಾರ್ನ್‌ಟನ್-ಪಿಕಾರ್ಡ್ ಬಲವನ್ನು ಬದಲಿಸಿ ಕಾಲವನ್ನು ಹಿಡಿಯಲು ನೋಡಿತ್ತು. ಅಡ್ಡಿಯನ್ನು ಬದಲಿಸುವುದೇ ಸರಿಯಾದ ದಾರಿ ಎಂದು ಕಂಡುಕೊಳ್ಳಲು ಸುಮಾರು ಕಾಲು ಶತಮಾನ ಹಿಡಿಯಿತು.

ಹಳೆಯ ಶಟರುಗಳನ್ನು ರಿಪೇರಿ ಮಾಡುವವರ ಬಳಿ ಕೂತರೆ ಇದೇ ಪಾಠ ಬೇರೆ ರೀತಿಯಲ್ಲಿ ಸಿಗುತ್ತದೆ. ದಶಕಗಳ ಕಾಲ ಬೀರುವಿನಲ್ಲಿದ್ದ ಕಾಂಪರ್ 1/100ರಲ್ಲಿ ಚೆನ್ನಾಗಿಯೇ ಓಡುತ್ತದೆ, 1 ಸೆಕೆಂಡಿಗೆ ಇಟ್ಟರೆ ತೆರೆದ ಬಾಯಿ ಮುಚ್ಚುವುದಿಲ್ಲ. ಒಣಗಿ ಅಂಟಾದ ಎಣ್ಣೆ ಮೊದಲು ಹಿಡಿಯುವುದು ಆ ಪುಟ್ಟ ಚಕ್ರಗಳನ್ನೇ.

ಇನ್ನೊಂದು ಕವಲೂ ಇತ್ತು, ಅದು ವೇಗದ್ದು. 1884ರಲ್ಲಿ ಹಾರುವ ಕೊಕ್ಕರೆಗಳ ಚಿತ್ರಗಳಿಂದ ಹೆಸರಾದ ಜರ್ಮನಿಯ ಒಟೊಮಾರ್ ಆನ್‌ಶುಟ್ಸ್, ಪ್ಲೇಟಿನ ಮುಂದೆಯೇ ಸೀಳಿರುವ ಪರದೆಯನ್ನು ಓಡಿಸಿ ಸೆಕೆಂಡಿನ ಸಾವಿರನೇ ಒಂದು ಭಾಗವನ್ನು ಮುಟ್ಟಿದ. ಅದೇ ತತ್ವದ ಮೇಲೆ ಅಮೆರಿಕದಲ್ಲಿ ಬಂದ ಗ್ರಾಫ್ಲೆಕ್ಸ್ ಕ್ಯಾಮೆರಾದ ಪರದೆಯಲ್ಲಿ ನಾಲ್ಕು ಅಗಲದ ಸೀಳುಗಳು, ಸ್ಪ್ರಿಂಗಿಗೆ ಆರು ಬಿಗಿತಗಳು. ಒಟ್ಟು 24 ವೇಗ. ಯಾವ ಸೀಳಿಗೆ ಯಾವ ಬಿಗಿತವಿಟ್ಟರೆ ಎಷ್ಟು ಎಂಬ ಪಟ್ಟಿಯನ್ನು ಕ್ಯಾಮೆರಾದ ಮೈಮೇಲೆಯೇ ಅಂಟಿಸಿರುತ್ತಿದ್ದರು. ಅತಿ ಕಿರಿದಾದ ಸೀಳು ಎಂಟನೇ ಒಂದು ಇಂಚು, ಅಂದರೆ ಸುಮಾರು 3 ಮಿಲಿಮೀಟರ್. ಅದು 1/1000 ಸೆಕೆಂಡು ಕೊಡಬೇಕಾದರೆ ಪರದೆ ಸೆಕೆಂಡಿಗೆ ಮೂರು ಮೀಟರ್ ಚಿಲ್ಲರೆ ವೇಗದಲ್ಲಿ ಓಡಬೇಕು. ಆ ಲೆಕ್ಕದಲ್ಲಿ ನಾಲ್ಕು ಇಂಚು ಎತ್ತರದ ಪ್ಲೇಟನ್ನು ಪೂರ್ತಿ ದಾಟಲು ಸುಮಾರು 1/30 ಸೆಕೆಂಡು ಬೇಕು. ಚಿತ್ರದ ಒಂದೊಂದು ಗೆರೆಗೂ ಸೆಕೆಂಡಿನ ಸಾವಿರನೇ ಒಂದು ಭಾಗವೇ ಸಿಗುತ್ತದೆ ನಿಜ, ಆದರೆ ಎಲ್ಲ ಗೆರೆಗಳಿಗೂ ಒಂದೇ ಗಳಿಗೆಯಲ್ಲ.

ಫ್ರಾನ್ಸಿನ ಜಾಕ್-ಆನ್ರಿ ಲಾರ್ತೀಗ್ 1912-13ರ ಸುಮಾರಿಗೆ ತೆಗೆದ ರೇಸ್ ಕಾರಿನ ಪ್ರಸಿದ್ಧ ಚಿತ್ರದಲ್ಲಿ ಚಕ್ರ ಮೊಟ್ಟೆಯಾಕಾರವಾಗಿ ಮುಂದಕ್ಕೆ ಬಾಗಿರುವುದು ಇದರಿಂದಲೇ. ಸೀಳು ಚಕ್ರದ ಬುಡವನ್ನು ಮೊದಲು ದಾಖಲಿಸಿತು. ತಲೆಯ ಕಡೆ ಬರುವಷ್ಟರಲ್ಲಿ ಕಾರು ಮುಂದೆ ಹೋಗಿತ್ತು. ಕಾರಿನ ಜೊತೆ ಕ್ಯಾಮೆರಾವನ್ನೂ ತಿರುಗಿಸುತ್ತಿದ್ದುದರಿಂದ ನಿಂತ ಜನ ಹಿಂದಕ್ಕೆ ವಾಲಿದರು.

1925ರಲ್ಲಿ ಆಸ್ಕರ್ ಬರ್ನಾಕ್ ರೂಪಿಸಿದ ಲೈಕಾ ಕ್ಯಾಮೆರಾ ಈ ಪರದೆಯನ್ನು ಅಂಗೈಯಗಲಕ್ಕೆ ಇಳಿಸಿತು. ಎರಡು ಬಟ್ಟೆಪರದೆಗಳು ಒಂದರ ಹಿಂದೆ ಒಂದು ಓಡುತ್ತವೆ, ನಡುವಿನ ಅಂತರವೇ ಕಾಲ. 1/500ರ ತನಕ ಹೋಗುವ ಆ ಸೊಗಸಾದ ಯಂತ್ರಕ್ಕೆ 1/20ಕ್ಕಿಂತ ನಿಧಾನ ಬರುತ್ತಿರಲಿಲ್ಲ. 1926ರಲ್ಲಿ ಲೈಕಾವನ್ನು ತಯಾರಿಸುತ್ತಿದ್ದ ಲೈಟ್ಸ್ ಕಂಪನಿ ಅದರ ಪರದೆ ತೆಗೆದು, ಕಾಂಪರ್ ಶಟರ್ ಹಾಕಿದ ಇನ್ನೊಂದು ಮಾದರಿಯನ್ನೂ ಮಾಡಿತು. ಅದರಲ್ಲಿ ಒಂದು ಸೆಕೆಂಡು ಇತ್ತು. ಪರದೆಯ ಲೈಕಾಗೆ ಆ ಒಂದು ಸೆಕೆಂಡು ದಕ್ಕಿದ್ದು 1933ರಲ್ಲಿ. ಅದಕ್ಕಾಗಿ ಕ್ಯಾಮೆರಾದೊಳಗೆ ಬೇರೆಯೇ ಒಂದು ಹಲ್ಲುಚಕ್ರಗಳ ಸಾಲನ್ನು ಕೂರಿಸಿ, ಮುಂಭಾಗದಲ್ಲಿ ಅದಕ್ಕೆಂದೇ ಎರಡನೆಯ ಗುಬಟನ್ನು ಇಡಬೇಕಾಯಿತು.